ಹಂಡೆಯ ಬಾಯಿಗೆ ಗಂಜಿಬಟ್ಟೆ

ಓದುವವರು ಗಂಟಲು ಬಿಟ್ಟು ಓದಿ, ಹಿಂದೆ ಕೂತ ಅಜ್ಜಿಯರಿಗೂ ಕೇಳಲಿ. ಇದು ಬಚ್ಚಲುಮನೆಯ ಕಥೆ. ಬಚ್ಚಲುಮನೆಯಲ್ಲೇನು ಕಥೆ ಎಂದು ಮೂಗು ಮುರಿಯಬೇಡಿ. ಅಡುಗೆಮನೆಯ ಪಾತ್ರೆಗಳನ್ನು ಫಳಫಳ ಬೆಳಗಿ ಸಾಲಾಗಿ ಜೋಡಿಸುವ ನಾವು, ಬಿಸಿನೀರಿನ ಹಂಡೆಯ ಮುಚ್ಚಳವನ್ನು ಕೊನೆಯ ಸಲ ತಿರುವಿ ನೋಡಿದ್ದು ಯಾವಾಗ? ನಿಜ ಹೇಳಿ. ನಾಚಿಕೆಯಾದರೆ ಸುಮ್ಮನೆ ನಕ್ಕುಬಿಡಿ.

ಸೋಮನೂರಿನ ರುಕ್ಮಣಿಯಮ್ಮನ ಮನೆಯಲ್ಲೂ ಹಾಗೇ ಇತ್ತು. ಗಂಡ ವೆಲ್ಲಿಂಗಿರಿ ಪವರ್‌ಲೂಮ್ ಓಡಿಸುತ್ತಿದ್ದರು. ಮನೆಯ ಹಿಂದೆ ಬಚ್ಚಲು, ಬಚ್ಚಲ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಬಚ್ಚಲಲ್ಲಿ ಒಲೆಯ ಮೇಲೆ ಗಾರೆ ಕಟ್ಟಿ ಕೂರಿಸಿದ ತಾಮ್ರದ ಹಂಡೆ. ಅದರ ಬಾಯಿ ದೊಡ್ಡವರ ಮೊಣಕಾಲಿನಷ್ಟೇ ಎತ್ತರ.

ಆ ದಿನ ರುಕ್ಮಣಿಯಮ್ಮನ ಕಾಲು ನೆಲದ ಮೇಲೆ ಇರಲಿಲ್ಲ. ತುಡಿಯಲೂರಿಗೆ ಕೊಟ್ಟಿದ್ದ ಮಗಳು ಅಮ್ಮಣಿ ಕೂಸನ್ನು ಕರೆದುಕೊಂಡು ಬರುವವಳಿದ್ದಳು. ಅವಳಿಗೆ ಹೊಲಿಗೆ ತರಬೇತಿಯಲ್ಲಿ ಜಾಗ ಸಿಕ್ಕಿತ್ತು. ಅದು ಮುಗಿಯುವವರೆಗೆ ಕೂಸು ಅಜ್ಜಿಯ ಬಳಿ ಇರಲಿ ಎಂದು ಮಾತಾಗಿತ್ತು. ಕೂಸಿನ ಹೆಸರು ರಾಜೇಂದ್ರನ್. ಹೆಸರಷ್ಟೇ ದೊಡ್ಡದು. ಮನುಷ್ಯ ಇನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದ. ಕೈಗೆ ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುತ್ತಿದ್ದ, ನಿಂತ ಸಂತೋಷಕ್ಕೆ ಎರಡೂ ಕೈಯಿಂದ ಅದನ್ನೇ ಬಡಿಯುತ್ತಿದ್ದ.

ಅಮ್ಮಣಿ ಬಂದಳು. ಬಸ್ಸಿನ ಧೂಳು ತೊಳೆಯಲು ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಹೋದಷ್ಟೇ ಬೇಗ ಹಿಂತಿರುಗಿ ಬಂದಳು.

"ಅಮ್ಮಾ, ನಾನು ಸಾಯಂಕಾಲದ ಬಸ್ಸಿಗೆ ಹೊರಡ್ತೀನಿ. ಇವನನ್ನೂ ಕರ್ಕೊಂಡು ಹೋಗ್ತೀನಿ."

ರುಕ್ಮಣಿಯಮ್ಮ ಬಾಗಿಲಿಗೆ ಅಡ್ಡ ಬಂದು ನಿಂತರು. "ಯಾಕೆ ಕಣ್ಣು? ನಾನೇನು ತಪ್ಪು ಮಾಡ್ದೆ? ಇವನಿಗೆ ಅಂತ ರಾಗಿ ಮೊಳಕೆ ಕಟ್ಟಿ ಒಣಗಿಸಿ ಇಟ್ಟಿದೀನಲ್ಲೇ!"

"ನಿಂದೇನೂ ಇಲ್ಲ ಅಮ್ಮಾ. ಹಂಡೆ ಬಾಯಿ ನೋಡು ಹೋಗು."

ರುಕ್ಮಣಿಯಮ್ಮ ನೋಡಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು. ಹಂಡೆಯ ಮರದ ಮುಚ್ಚಳ ಎಂದೋ ಬಿರುಕು ಬಿಟ್ಟು ಅರ್ಧ ಮುರಿದುಹೋಗಿತ್ತು. ಉಳಿದ ಅರ್ಧ ನೀರು ಕುಡಿದು ಕಪ್ಪಾಗಿ, ಡೊಂಕಾಗಿ, ಮುಗ್ಗುಲು ವಾಸನೆ ಹೊಡೆಯುತ್ತಿತ್ತು. ಒಲೆಯ ಮಸಿ ನೀರಿಗೆ ಬೀಳುತ್ತದೆಂದು ವೆಲ್ಲಿಂಗಿರಿ ತಮ್ಮ ಮಗ್ಗದ್ದೇ ಬಟ್ಟೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ಆ ಅರ್ಧ ಹಲಗೆಯ ಮೇಲಿಂದ ಇಡೀ ಬಾಯಿಗೆ ಎಳೆದು ಕಟ್ಟಿದ್ದರು. ಒಣಗಿದ ಮೇಲೆ ಅದು ಬಿಳಿ ಹಲಗೆಯ ಹಾಗೇ ಕಾಣುತ್ತಿತ್ತು. ಕುಶಲದ ಕೆಲಸವೇ, ಇಲ್ಲವೆನ್ನುವುದಿಲ್ಲ.

"ನಿಮ್ಮಪ್ಪನಿಗೆ ಹೇಳ್ಬೇಡ," ಎಂದು ರುಕ್ಮಣಿಯಮ್ಮ ದನಿ ತಗ್ಗಿಸಿದರು. "ಅದು ನಿಮ್ಮ ತಾತನ ಕೈತರಿ, ಆ ಕೈಮಗ್ಗದ ಹಲಗೆ. ತರಿ ಬಿಚ್ಚಿದ ದಿನ ನಿಮ್ಮಪ್ಪ ಊಟ ಮಾಡ್ಲಿಲ್ಲ. ಆ ಹಲಗೇಲಿ ಮುಚ್ಚಳ ಮಾಡಿಸಿದ ಮೇಲೇ ಸಮಾಧಾನ ಆಗಿದ್ದು. ಬಿಸಾಕು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಆ ಹೊತ್ತಿಗೆ ಪಕ್ಕದ ಮನೆಯ ಬೆಳ್ಳಿಯಮ್ಮ ಕೂಸನ್ನು ನೋಡಲು ಬಂದರು. ರುಕ್ಮಣಿಯಮ್ಮನಿಗೆ ಚಿಕ್ಕಂದಿನ ಗೆಳತಿ. ಮಾದರ್ ಸಂಗದ, ಅಂದರೆ ಹೆಂಗಸರ ಸಂಘದ, ಯಾವ ಕೂಟವನ್ನೂ ಬಿಡದವರು, ಕೇಳಿದ್ದನ್ನು ಮನೆಯಲ್ಲಿ ಮಾಡಿ ನೋಡದೆ ಸುಮ್ಮನಿರದವರು. ತಾಯಿ ಮಗಳ ಮುಖ ನೋಡಿಯೇ ವಿಷಯ ಹೊರಗೆಳೆದರು. ಬಚ್ಚಲಿಗೆ ಹೋಗಿ ಬಂದು, ಕಾಫಿಗೆಂದು ಶೆಡ್ಡಿನಿಂದ ಬಂದ ವೆಲ್ಲಿಂಗಿರಿಯವರನ್ನೇ ಹಿಡಿದರು.

"ಅಣ್ಣಾ, ಆ ಮುಚ್ಚಳ ಬದಲಾಯಿಸೋ ಕಾಲ ಬಂದೈತೆ."

"ನಿನಗ್ಯಾಕಮ್ಮ ನಮ್ಮ ಮನೆ ಹಂಡೆ ಚಿಂತೆ? ಬಟ್ಟೆ ಕಟ್ಟಿದೀನಲ್ಲ, ತಟ್ಟಿ ನೋಡು, ತಮಟೆ ಹಾಗೆ ಶಬ್ದ ಬರ್ತೈತೆ."

"ಒಲೆ ಉರೀದೇ ಇದ್ದಾಗ ಬರ್ತೈತೆ. ಕೆಳಗಿಂದ ಆವಿ ಹೊಡೆದ್ರೆ ಗಂಜಿ ಏನಾಗ್ತೈತೆ ಅಂತ ನಿಮಗೆ ನಾನು ಹೇಳಿ ಕೊಡ್ಬೇಕಾ?"

"ಏನೂ ಆಗಲ್ಲ. ಕೂಸು ಆ ಕಡೆ ಹೋಗದ ಹಾಗೆ ನಾನು ನೋಡ್ಕೊಳ್ತೀನಿ. ಪಕ್ಕದಲ್ಲೇ ಇರ್ತೀನಲ್ಲ. ಬಿದ್ರೆ ಕೇಳಲ್ವಾ ನನಗೆ?"

ಲೋಟ ಕೆಳಗಿಟ್ಟು ಶೆಡ್ಡಿಗೆ ಹೋದರು. ಮಗ್ಗಗಳು ಮತ್ತೆ ಧಡಧಡ ಶುರುವಾದವು.

ಬೆಳ್ಳಿಯಮ್ಮ ಸೆರಗು ಸಿಕ್ಕಿಸಿದರು. "ರುಕ್ಕೂ, ಒಲೆ ಹಚ್ಚು. ಒಂದು ತೆಂಗಿನಕಾಯಿ ಕೊಡು. ಅಮ್ಮಣೀ, ನೀನು ಕೂಸನ್ನ ಎತ್ಕೊಂಡು ಬಾಗಿಲಾಚೆ ನಿಂತ್ಕೊ, ಒಳಗೆ ಬರ್ಬೇಡ."

ತೆಂಗಿನ ಮಟ್ಟೆ ಹೊತ್ತಿಕೊಂಡಿತು. ನೀರು ಕಾದು ಬಟ್ಟೆಯ ಅಂಚಿನಿಂದ ಆವಿ ಹೊರಟಿತು. ಬೆಳ್ಳಿಯಮ್ಮ ದೂರ ನಿಂತು, ಉದ್ದ ಹಿಡಿಯ ಸೌಟಿನಲ್ಲಿಟ್ಟ ತೆಂಗಿನಕಾಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿದರು. ಬಟ್ಟೆ ಒಂದು ಗಳಿಗೆ ತಡೆಯಿತು. ಆಮೇಲೆ ಮೆತ್ತಗೆ ಜಗ್ಗಿತು. ಒಂದು ಪಕ್ಕದ ಗಂಟು ಜಾರಿತು, ಕಾಯಿ ಗುಳುಂ ಎಂದು ಒಳಗೆ ಹೋಯಿತು. ಕುದಿನೀರು ಚೆಲ್ಲಿ ನೆಲದ ಮೇಲೆ ಹರಿಯಿತು.

"ಅಯ್ಯೋ!" ಎಂದು ರುಕ್ಮಣಿಯಮ್ಮ ಕಿರುಚಿದರು.

ಅಮ್ಮಣಿ ನೋಡುತ್ತಿದ್ದದ್ದು ಹಂಡೆಯನ್ನಲ್ಲ. ತೆರೆದ ಶೆಡ್ಡಿನ ಬಾಗಿಲಲ್ಲಿ ಅಪ್ಪನ ಬೆನ್ನು ಕಾಣುತ್ತಿತ್ತು. ಅವರು ಬಗ್ಗಿ ಹರಿದ ನೂಲು ಗಂಟು ಹಾಕುತ್ತಿದ್ದರು. ಕಾಯಿ ಬಿದ್ದಾಗಲೂ ತಿರುಗಲಿಲ್ಲ, ಹೆಂಡತಿ ಕಿರುಚಿದಾಗಲೂ ತಿರುಗಲಿಲ್ಲ. "ಅಪ್ಪಾ!" ಎಂದು ಅವಳೇ ಕೂಗಿದಳು. ತಿರುಗಲಿಲ್ಲ. ಕೊನೆಗೆ ಹೋಗಿ ಹೆಗಲು ಮುಟ್ಟಿದಳು.

"ಏನಮ್ಮಾ? ಯಾಕೆ ಅಳ್ತಿದೀಯ?"

"ಅಣ್ಣಾ, ಹಂಡೆಗೆ ಒಂದು ತೆಂಗಿನಕಾಯಿ ಬಿತ್ತು," ಎಂದರು ಬೆಳ್ಳಿಯಮ್ಮ. "ಕೇಳಿಸ್ತಾ?"

ವೆಲ್ಲಿಂಗಿರಿ ಬಚ್ಚಲಿಗೆ ಬಂದರು. ಜೋತು ಬಿದ್ದ ಬಟ್ಟೆ ನೋಡಿದರು, ಆವಿಯ ನಡುವೆ ಮುಳುಗಿ ಏಳುತ್ತಿದ್ದ ಕಾಯಿ ನೋಡಿದರು. ಆಮೇಲೆ ಮಗಳ ಸೊಂಟದ ಮೇಲಿದ್ದ ಮೊಮ್ಮಗನನ್ನು ನೋಡಿದರು. ಅವನು ತಾತನನ್ನು ಕಂಡು ಎರಡೂ ಕೈ ಚಾಚಿದ. ವೆಲ್ಲಿಂಗಿರಿ ಎತ್ತಿಕೊಳ್ಳಲಿಲ್ಲ. ಶೆಡ್ಡಿಗೆ ಹೋಗಿ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಕರೆಂಟು ಇದ್ದೂ ಆ ಶೆಡ್ಡು ಸುಮ್ಮನಾದದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಒಲೆ ಆರಿಸಿ, ನೀರು ತಣ್ಣಗಾದ ಮೇಲೆ ಅವರೇ ಮುಚ್ಚಳ ತೆಗೆದು ಅಂಗಳಕ್ಕೆ ತಂದರು. ಉಳಿದ ಅರ್ಧ ಹಲಗೆಯೇ ಕಲ್ಲಿನಷ್ಟು ಭಾರವಾಗಿತ್ತು.

"ಉಗುರಲ್ಲಿ ಒತ್ತಿ ನೋಡಿ," ಎಂದರು ಬೆಳ್ಳಿಯಮ್ಮ.

ಉಗುರು ಒಳಗೆ ಹೋಯಿತು.

"ಉಗುರು ಇಳಿದ್ರೆ, ಬಿಸಿಲಲ್ಲಿ ಇಟ್ರೂ ಭಾರ ಇಳೀದಿದ್ರೆ, ಬಾಗಿ ಸಂದು ಬಿಟ್ರೆ, ಅದರ ಆಯಸ್ಸು ಮುಗೀತು ಅಂತ ಲೆಕ್ಕ. ಇನ್ನು ರಿಪೇರಿ ಇಲ್ಲ ಅಣ್ಣಾ."

ವೆಲ್ಲಿಂಗಿರಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರಿದರು. ಅವರ ಅಪ್ಪ ಕೂತು ನೇಯ್ದ ಮರ. ಕೊನೆಗೆ ಅವರೇ ಹೇಳಿದರು: "ಇದನ್ನ ಬಿಸಾಕಲ್ಲ. ಚೆನ್ನಾಗಿ ಒಣಗಲಿ, ಆಮೇಲೆ ಒಲೆಗೆ ಹಾಕ್ತೀನಿ. ನಮ್ಮಪ್ಪನ ತರಿ ನಮ್ಮಪ್ಪನ ಮರಿಮಗನಿಗೆ ನೀರು ಕಾಯಿಸ್ಲಿ."

ರುಕ್ಮಣಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ಹೇಳಲು ಹೆದರಿದ ಮಾತನ್ನು ಗಂಡನೇ ಆಡಿದ್ದರು.

ಮರುದಿನವೇ ಬಡಗಿ ಬಂದ. ಹೊಸ ಮುಚ್ಚಳಕ್ಕೆ ಹಂಡೆಯ ಬಾಯಿಗಿಂತ ನಾಲ್ಕು ಬೆರಳು ಅಗಲ ಜಾಸ್ತಿ ಇಟ್ಟ. ಜರುಗದ ಹಾಗೆ ಕೆಳಗೆ ಅಡ್ಡಪಟ್ಟಿ ಹೊಡೆದ, ಎತ್ತಲು ಎರಡು ಹಿಡಿ, ಕೂಸು ಎಳೆದರೂ ಏಳದ ಹಾಗೆ ಒಂದು ಕೊಂಡಿ. ಆವಿ ಹೋಗಲು ಸಣ್ಣ ತೂತು ಬಿಡಿಸಿದ್ದು ಬೆಳ್ಳಿಯಮ್ಮ. ಬಚ್ಚಲ ಬಾಗಿಲಿಗೆ, ಎತ್ತರದಲ್ಲಿ, ಚಿಲಕವೂ ಬಂತು.

"ಮಾಡಿಸಿಬಿಟ್ರೆ ಮುಗೀಲಿಲ್ಲ ರುಕ್ಕೂ," ಎಂದರು ಬೆಳ್ಳಿಯಮ್ಮ. "ವಾರಕ್ಕೊಂದು ಸಲ ಆಚೆ ತಂದು ತೆಂಗಿನ ನಾರಲ್ಲಿ ಉಜ್ಜು. ಮೇಲ್ಗಡೆಗಿಂತ ಒಳಗಡೆ ಜಾಸ್ತಿ ಉಜ್ಜು, ಆವಿ ಕೂತು ಕಪ್ಪಾಗೋದು ಅಲ್ಲೇ. ಬಿಸಿಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸು, ಮಲಗಿಸಿದ್ರೆ ಡೊಂಕಾಗ್ತೈತೆ. ಒಣಗಿದ ಮೇಲೆ ಒಂದಿಷ್ಟು ತೆಂಗಿನೆಣ್ಣೆ ಸವರು."

"ಸೀಗೆಪುಡಿ ಡಬ್ಬಿ ಅದರ ಮೇಲೆ ಇಟ್ಕೊಳ್ಳಲಾ?"

"ಡಬ್ಬಿಯೂ ಬೇಡ, ಒದ್ದೆ ಬಟ್ಟೆಯೂ ಬೇಡ. ನೀನಂತೂ ಅದರ ಮೇಲೆ ಕೂರಲೇಬೇಡ, ಮುಚ್ಚಳ ಪಾಪ!"

"ಹೋಗೇ!" ಎಂದು ರುಕ್ಮಣಿಯಮ್ಮ ನಕ್ಕರು.

"ತೆಗೆಯೋವಾಗ ಆಚೆ ಅಂಚು ಮೊದಲು ಎತ್ತು, ಆವಿ ಮುಖಕ್ಕೆ ಹೊಡೆಯಲ್ಲ. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಎಷ್ಟೇ ಒಳ್ಳೆ ಮುಚ್ಚಳ ಇದ್ರೂ ಕೂಸನ್ನ ಒಬ್ಬನೇ ಬಿಡಬೇಡ."

ಅಮ್ಮಣಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಆ ಸಾಯಂಕಾಲದ ಬಸ್ಸಿಗೂ ಹೋಗಿರಲಿಲ್ಲ, ಮರುದಿನದ ಬಸ್ಸಿಗೂ ಹೋಗಿರಲಿಲ್ಲ. ಹೊಸ ಮುಚ್ಚಳ ಕೂರಿಸಿದ ಮೇಲೆ ತಾನೇ ಎರಡು ಅಂಗೈ ಊರಿ ಒತ್ತಿದಳು. ಅಲುಗಲಿಲ್ಲ. ಕೂಸನ್ನು ಅಪ್ಪನ ಕೈಗೆ ಕೊಟ್ಟಳು.

"ಇರ್ಲಿ ಅಪ್ಪಾ, ಇವನು ನಿಮ್ಮ ಹತ್ರಾನೇ ಇರ್ಲಿ."

ವೆಲ್ಲಿಂಗಿರಿ ಈ ಸಲ ಎತ್ತಿಕೊಂಡರು. "ಇವನ ಸ್ನಾನದ ಹೊತ್ತಿಗೆ ತರಿ ನಿಲ್ಲಿಸ್ತೀನಿ," ಎಂದರು. ಮಗಳನ್ನು ಬಸ್ಸು ಹತ್ತಿಸಿ ಬಂದವರೇ ಹಾಗೆ ಮಾಡಿದರು. ಅಂದಿನಿಂದ ಸೋಮನೂರಿನ ಆ ಬೀದಿಯಲ್ಲಿ ಬೆಳಿಗ್ಗೆ ಒಂದು ಶೆಡ್ಡು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಒಬ್ಬ ಪುಟ್ಟ ರಾಜೇಂದ್ರನ್ ಕಣ್ಣಿಗೆ ಸೀಗೆಪುಡಿ ಹೋಯಿತೆಂದು ಊರಿಗೆಲ್ಲ ಕೇಳುವಂತೆ ಅಳುತ್ತಾನೆ. ಆ ಅಳು ಕೇಳಿ ರುಕ್ಮಣಿಯಮ್ಮನಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಮನೆಗೆ ಹೋದವರೇ ಹಂಡೆಯ ಮುಚ್ಚಳ ಎತ್ತಿ ನೋಡಿ. ಒಳಗಡೆ ಕಪ್ಪಿದ್ದರೆ ಉಜ್ಜಿ, ಒದ್ದೆಯಿದ್ದರೆ ಬಿಸಿಲಿಗಿಡಿ. ಉಗುರು ಇಳಿದರೆ ಹಬ್ಬ ಬರಲಿ, ಕೂಲಿ ಬರಲಿ ಎಂದು ಕಾಯದೆ ಬದಲಾಯಿಸಿ. ಬಟ್ಟೆ, ಗೋಣಿ, ರಟ್ಟು ಇವು ಯಾವುವೂ ಮುಚ್ಚಳವಲ್ಲ. ಯಾರಿಗಾದರೂ ಬಿಸಿನೀರು ಬಿದ್ದರೆ ಇಂಕು, ಹಿಟ್ಟು, ಎಣ್ಣೆ ಹಚ್ಚಬೇಡಿ. ತಣ್ಣೀರು ಹರಿಯಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಮಗ್ಗ ಓಡುವಾಗ ಕೂಸು ಕೂಗಿದರೆ ನಮಗೆ ಕೇಳುವುದಿಲ್ಲ. ಅದು ಕೂಗಬೇಕಾದ ಗತಿ ಬಾರದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.