ತಿರುಗಿಸಬಾರದ ಮೊಟ್ಟೆ

ನನ್ನ ಸೊಸೆಗೆ ಓದು ಜಾಸ್ತಿ, ಮಾತು ಕಡಿಮೆ. ನನ್ನದು ತದ್ವಿರುದ್ಧ. ಮೀನು ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡವಳು ನಾನು. ಅವಳು ಕಡಲ ಜೀವಿಗಳ ಬಗ್ಗೆ ಓದಿ ಓದಿ ಡಾಕ್ಟರಾದವಳು. ನನ್ನ ಮಗ ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ಇವರಿಬ್ಬರಿಗೂ ಅದು ಹೇಗೆ ಗಂಟು ಬಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಇಬ್ಬರೂ ನಗುತ್ತಾರೆ. ಓಣಿಯವರು ಅವಳಿಗೆ ಆಮೆ ಡಾಕ್ಟರು ಎಂದು ಹೆಸರಿಟ್ಟರು, ನಾನು ಆಮೆ ಡಾಕ್ಟರ ಅತ್ತೆಯಾದೆ. ಇಷ್ಟು ವರ್ಷ ನನಗೂ ಒಂದು ಹೆಸರಿತ್ತು ಅನ್ನುವುದನ್ನು ಎಲ್ಲರೂ ಮರೆತೇ ಬಿಟ್ಟರು.

ಅವಳು ಬಂದ ಹೊಸದರಲ್ಲಿ ಮೇಲಿನ ಕಚೇರಿಯವರು ಬಂದು, ಮರಳಿಗೆಲ್ಲ ಬೇಲಿ ಹಾಕುತ್ತೇವೆ, ಆಮೆ ಮೊಟ್ಟೆ ಇಡುವ ತಿಂಗಳುಗಳಲ್ಲಿ ಯಾರೂ ಇತ್ತ ತಲೆ ಹಾಕಬಾರದು ಎಂದರು. ಹಾಗಾದರೆ ದೋಣಿ ಎಳೆಯುವುದೆಲ್ಲಿ, ಬಲೆ ಹರಡುವುದೆಲ್ಲಿ, ನಮ್ಮ ತಲೆಯ ಮೇಲೋ? ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆಯೇ ಎದ್ದು ನಿಂತಳು. ಬೇಲಿ ಬೇಡ, ಮೊಟ್ಟೆಗಳನ್ನು ಈ ಮನೆಗಳಿಗೇ ಒಪ್ಪಿಸಿ, ಕಾಯುವವರನ್ನೇ ಹೊರಗಿಟ್ಟರೆ ಕಾಯುವವರು ಯಾರು ಎಂದಳು. ಮೂರೇ ಮಾತು, ಕಚೇರಿಯವರು ಒಪ್ಪಿದರು. ಅವತ್ತು ಮೊದಲ ಸಲ ಈ ಹುಡುಗಿ ಪರವಾಗಿಲ್ಲ ಅನ್ನಿಸಿತು.

ಅಲೆ ಬಡಿಯುವಷ್ಟು ತಗ್ಗಿನಲ್ಲಿ ಆಮೆ ಇಟ್ಟು ಹೋದ ಮೊಟ್ಟೆಗಳನ್ನು ಅವಳೇ ಎತ್ತುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದೊಂದನ್ನೂ ಇದ್ದ ಮಗ್ಗುಲಿನಲ್ಲೇ ಬಕೆಟ್ಟಿಗಿಟ್ಟು, ಆಮೆ ಇಟ್ಟು ಹೋದ ಕೆಲವೇ ಗಂಟೆಯೊಳಗೆ ಮನೆಗಳ ಹಿಂದಿನ ಎತ್ತರದ ಮರಳಲ್ಲಿ ಹೂಳುತ್ತಿದ್ದಳು. ಆ ಕೆಲಸಕ್ಕೆ ಬೇರೆಯವರ ಕೈ ತಾಗಿಸುತ್ತಿರಲಿಲ್ಲ. ಮೇಲೊಂದು ಬೋರಲು ಬುಟ್ಟಿ. ಒಂದು ಗುಂಡಿಗೆ ಒಂದು ಮನೆಯವರು ಕಾವಲು. ನಾಯಿ, ಏಡಿ ಬರದ ಹಾಗೆ ನೋಡಿಕೊಳ್ಳಬೇಕು, ಮರಿಗಳು ಬೆಳಕಿಗೆ ದಾರಿ ತಪ್ಪದ ಹಾಗೆ ಹಿತ್ತಲ ದೀಪ ಆರಿಸಬೇಕು. "ಬೇರೇನೂ ಮಾಡೋದು ಬೇಡ, ಕಾದರೆ ಸಾಕು," ಎನ್ನುತ್ತಿದ್ದಳು.

ಏನೂ ಮಾಡದೆ ಸುಮ್ಮನೆ ಕೂರುವುದು ನನ್ನ ಓರಗಿತ್ತಿಯ ಜಾಯಮಾನದಲ್ಲೇ ಇಲ್ಲ. ಅವಳು ನನ್ನ ಮೈದುನನ ಹೆಂಡತಿ, ಪಕ್ಕದ ಮನೆ. ಓಣಿಗೆಲ್ಲ ಕೋಳಿ ಚಿಕ್ಕಮ್ಮ. ಅವಳು ಕಾವಿಗಿಟ್ಟ ಮೊಟ್ಟೆ ಕೆಟ್ಟದ್ದೇ ಇಲ್ಲ. ಯಾರ ಮನೆಯಲ್ಲಿ ಕೋಳಿ ಕಾವಿಗೆ ಕೂತರೂ ಅದರಡಿ ಮೊಟ್ಟೆ ಇಡಲು ಅವಳನ್ನೇ ಕರೆಯುತ್ತಿದ್ದರು. ಚಿಕ್ಕಮ್ಮನ ಕೈಗುಣ ಅಂದರೆ ಕೈಗುಣ ಎನ್ನುತ್ತಿದ್ದರು. ಈ ಮಾತು ಕೇಳಲು ಅವಳು ಎಷ್ಟು ವರ್ಷ ಕಾದಿದ್ದಳು ಎಂಬುದು ನನಗೆ ಗೊತ್ತು. ಮದುವೆಯಾದ ಮೇಲೆ ಅವಳ ಹೊಟ್ಟೆಯಲ್ಲಿ ಮೂರು ಕೂಸು ನಿಂತವು, ಮೂರೂ ಹೋದವು. ಆಗ ಇದೇ ಜನ, ಅವಳ ಕೈಯೇ ಹಾಗೆ, ಅವಳು ಮುಟ್ಟಿದ್ದು ಉಳಿಯುವುದಿಲ್ಲ ಅಂದಿದ್ದರು. ಬಾಣಂತಿಯರಿರುವ ಮನೆಗೆ ಅವಳನ್ನು ಸೇರಿಸುತ್ತಿರಲಿಲ್ಲ. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಅವಳು ಬಾಯಿ ಬಿಟ್ಟು ಒಂದು ಉತ್ತರ ಕೊಡಲಿಲ್ಲ. ಕೋಳಿ ಸಾಕಿದಳು. ಒಂದೊಂದೇ ಮರಿ ಮಾಡಿಸಿ ಮಾಡಿಸಿ ಆ ಮಾತನ್ನು ಅಳಿಸಿದಳು.

ಮೊದಲ ಗುಂಡಿ ಅವಳ ಪಾಲಿಗೇ ಬಂತು. ಎರಡು ತಿಂಗಳು ಅವಳು ಅದರ ಹತ್ತಿರವೇ ಇದ್ದಳು ಅನ್ನಬೇಕು. ಮೊಟ್ಟೆ ಒಡೆಯುವ ದಿನ ಬಂತು, ದಾಟಿತು. ಮರಳು ಅಲುಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸೊಸೆ, ತೆರೆದು ನೋಡೋಣ ಎಂದಳು. ನಾವು ಮೂವರೇ ಇದ್ದೆವು. ಸೊಸೆ ಅಂಗೈಯಿಂದ ಮರಳು ಸರಿಸುತ್ತ ಹೋದಳು, ಮೊದಲ ಮೊಟ್ಟೆ ಸಿಕ್ಕಿತು. ಅದರ ಮೇಲೆ ಇದ್ದಿಲಿನ ಚುಕ್ಕೆ ಇತ್ತು. ಅವಳು ಅದನ್ನು ತಿರುವಿದಳು. ಆ ಮಗ್ಗುಲಿಗೆ ಇದ್ದಿಲಿನ ಗೀಟು.

"ಇದೇನು ಚಿಕ್ಕತ್ತೆ?"

"ಗುರುತು," ಎಂದಳು ಓರಗಿತ್ತಿ. "ಚೆಂಡಿನ ಹಾಗೆ ದುಂಡಗಿದ್ಯಲ್ಲ, ಯಾವುದು ತಿರುಗಿಸಿದೆ ಯಾವುದು ಇಲ್ಲ ಗೊತ್ತಾಗಲ್ಲ. ಇವತ್ತು ಚುಕ್ಕೆ ಮೇಲೆ, ನಾಳೆ ಗೀಟು ಮೇಲೆ. ಒಂದು ವಾರ ಬಿಟ್ಟು ಶುರು ಮಾಡ್ದೆ, ಆಮೇಲೆ ಒಂದು ದಿನಾನೂ ತಪ್ಪಿಸಿಲ್ಲ. ಕೋಳಿಯಾದ್ರೆ ಕೊಕ್ಕಲ್ಲಿ ತಾನೇ ತಿರುಗಿಸಿಕೊಳ್ಳುತ್ತೆ. ಆಮೆ ಪಾಪ ಇಟ್ಟು ಹೋಗ್ಬಿಡುತ್ತೆ. ಇವನ್ನ ತಿರುಗಿಸೋರು ಯಾರು?"

ಸೊಸೆಯ ಕಿವಿಯ ತುದಿ ಬೆಳ್ಳಗಾದದ್ದು ನನಗೆ ಕಾಣಿಸಿತು. ಕೆಲವು ಮೊಟ್ಟೆಗಳನ್ನು ಡಬ್ಬಿಗೆ ಹಾಕಿಕೊಂಡು, ನೋಡಿ ಹೇಳ್ತೀನಿ ಚಿಕ್ಕತ್ತೆ ಎಂದು ಎದ್ದಳು. ನಾನು ಅವಳ ಹಿಂದೆಯೇ ಹೋದೆ.

ಅವಳ ಕೆಲಸದ ಕೋಣೆ ನಮ್ಮ ಮನೆಯ ಹಿಂಭಾಗದಲ್ಲಿ, ಮೊದಲು ಮಂಜುಗಡ್ಡೆ ಪೆಟ್ಟಿಗೆ ಇಡುತ್ತಿದ್ದ ಜಾಗ. ಮೇಜಿನ ಮೇಲೆ ಬಿಳಿ ತಟ್ಟೆ ಇಟ್ಟು ಸಣ್ಣ ಕತ್ತರಿಯಿಂದ ಮೊಟ್ಟೆ ಬಿಡಿಸಿದಳು. ಹಳದಿಯ ಮೇಲೆ ಏನೋ ಅಂಟಿಕೊಂಡಿತ್ತು, ಹೆಸರುಕಾಳಿನಷ್ಟು. ಎರಡು ಕಪ್ಪು ಚುಕ್ಕೆ, ಕಣ್ಣು. ಎರಡನೆಯದರಲ್ಲೂ ಅಷ್ಟೇ. ಮೂರನೆಯದನ್ನು ಬಿಡಿಸುವಾಗ ನಾನು ಅವಳ ಕೈ ಹಿಡಿದೆ.

"ಎಲ್ಲ ಒಂದೇ ವಯಸ್ಸಲ್ಲಿ ನಿಂತಿವೆ ಅತ್ತೆ," ಎಂದಳು. "ಆಮೆ ಮರಿ ಮೊದಲ ದಿನವೇ ಮೊಟ್ಟೆಯ ಮೇಲ್ಗಡೆ ಅಂಟಿಕೊಳ್ಳುತ್ತೆ. ತಿರುಗಿಸಿದ್ರೆ ಕಳಚಿಕೊಂಡು ಉಸಿರು ಕಟ್ಟುತ್ತೆ. ಕೋಳಿಗೆ ತಿರುಗಿಸಲೇಬೇಕು, ಇದಕ್ಕೆ ತಿರುಗಿಸಲೇಬಾರದು. ಕೋಳಿ ಸಾಕೋರ ಮನೆಗೆ ಮೊಟ್ಟೆ ಕೊಟ್ಟು ಅದನ್ನ ಹೇಳ್ದೇ ಇದ್ದೆನಲ್ಲ ನಾನು. ಎತ್ತೋದು ನಾನೇ, ಹೂಳೋದು ನಾನೇ, ಅವರಿಗ್ಯಾಕೆ ಅಂದ್ಕೊಂಡೆ." ಅವಳು ಕತ್ತರಿ ಕೆಳಗಿಟ್ಟಳು. "ಈಗ್ಲೇ ಹೋಗಿ ಅವರಿಗೆ ಹೇಳ್ತೀನಿ."

"ಹೇಳಿದ್ರೆ ನನ್ನ ಹೊಸ್ತಿಲು ತುಳೀಬೇಡ," ಎಂದೆ.

ಅವಳು ನನ್ನ ಮುಖ ನೋಡಿದಳು. ಮೂರು ಕೂಸಿನ ಕತೆ ಅವಳಿಗೆ ಗೊತ್ತಿರಲಿಲ್ಲ, ಹೇಳಿದೆ. ಗಾಯದ ಮೇಲೆ ಬರೆ ಎಳೆಯಬೇಡ, ನಿನ್ನ ಕೈಯಿಂದಲೇ ಸತ್ತವು ಅಂತ ಆ ಹೆಂಗಸಿಗೆ ಹೇಳುವಷ್ಟು ಓದಿದ್ದೀಯಾ ನೀನು, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಸೊಸೆ ಅತ್ತಳು. ಕೊನೆಗೆ ನಾನೇ ಹೋಗಿ ಓರಗಿತ್ತಿಗೆ, ಕೆಳಗಿಂದ ಉಪ್ಪುನೀರು ನುಗ್ಗಿತ್ತಂತೆ ಕಣೇ, ಯಾರೇನು ಮಾಡೋಕಾಗುತ್ತೆ ಎಂದೆ. ಅವಳು, "ಮುಂದಿನ ಸಲ ಇನ್ನೂ ಮೇಲೆ ಹೂಳಿಸ್ಬೇಕು," ಎಂದಳು. ನನ್ನ ಎದೆಯ ಭಾರ ಇಳಿಯಿತು. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ.

ಸೊಸೆ ಅಂದು ಮಧ್ಯಾಹ್ನವೇ ಮನೆಮನೆಗೂ ಹೋದಳು, ಯಾರ ಹೆಸರನ್ನೂ ಎತ್ತದೆ, ಮೊಟ್ಟೆ ಮುಟ್ಟಬೇಡಿ ಎಂದು ಹೇಳಿ ಬರಲು. ವಾಪಸ್ಸು ಬಂದವಳು ಊಟದ ತಟ್ಟೆ ಮುಟ್ಟಲಿಲ್ಲ. ಹೆಚ್ಚುಕಡಿಮೆ ಎಲ್ಲ ಹಳೇ ಗುಂಡಿಗಳಲ್ಲೂ ಇದ್ದಿಲಿನ ಚುಕ್ಕೆಗಳಿದ್ದವಂತೆ. ಓರಗಿತ್ತಿ ಎಲ್ಲರಿಗೂ ಕಲಿಸಿದ್ದಳು.

"ಹಳೇ ಗುಂಡಿಗಳಲ್ಲಿ ಎಷ್ಟು ಹೋಗಿವೆಯೋ ಗೊತ್ತಿಲ್ಲ," ಎಂದಳು. "ಈಚೆಗೆ ಹೂತಿರೋವು ಇನ್ನೂ ಚೆನ್ನಾಗಿವೆ. ವಾರ ತುಂಬಿದ ಮೇಲೆ ತಿರುಗಿಸೋಕೆ ಕಾಯ್ತಿದ್ದಾರೆ. ಬೇಡ ಅಂತ ಹೇಳಿ ಬಂದಿದ್ದೀನಿ. ಎಲ್ಲರೂ ಆಯ್ತು ಡಾಕ್ಟ್ರೇ ಅಂದ್ರು."

ಆಯ್ತು ಡಾಕ್ಟ್ರೇ. ಈ ಓಣಿಯವರ 'ಆಯ್ತು' ಎಷ್ಟು ತೂಕದ್ದು ಎಂದು ಅವಳಿಗೇನು ಗೊತ್ತು. ಮರುದಿನ ಮಾರುಕಟ್ಟೆಯ ನಲ್ಲಿಯ ಹತ್ತಿರ ನಾನು ಮೀನಿನ ಬುಟ್ಟಿ ತೊಳೆಯುತ್ತಿದ್ದೆ. ಗೋಡೆಯ ಆಚೆ ಇಬ್ಬರು ಮಾತಾಡುತ್ತಿದ್ದರು. ಒಬ್ಬಳು ಐಸ್ ಫ್ಯಾಕ್ಟರಿಯವನ ಹೆಂಡತಿ, ಮಾತಿನಲ್ಲೇ ಗೊತ್ತಾಯಿತು.

"ಡಾಕ್ಟ್ರು ಮುಟ್ಟಬೇಡಿ ಅಂತಾರಪ್ಪ."

"ಅವರು ಪುಸ್ತಕದಲ್ಲಿ ಮೊಟ್ಟೆ ನೋಡಿದ್ದು. ಚಿಕ್ಕಮ್ಮ ಕೈಯಲ್ಲಿ ನೋಡಿದ್ದು. ಆ ಕೈಯಲ್ಲಿ ಇವತ್ತಿನವರೆಗೂ ಒಂದು ಮೊಟ್ಟೆ ಕೆಟ್ಟಿದ್ಯಾ?"

"ನಿನ್ನೆ ಅವರದ್ದೇ ಕೆಟ್ಟಿತಲ್ಲ."

"ಅದು ಉಪ್ಪುನೀರು ನುಗ್ಗಿ. ಅದಕ್ಕೆ ಅವರೇನು ಮಾಡ್ತಾರೆ? ನಾನಂತೂ ನಾಳೆಯಿಂದ ತಿರುಗಿಸೋಳೇ," ಎಂದಳು ಐಸ್ ಫ್ಯಾಕ್ಟರಿಯವನ ಹೆಂಡತಿ.

ನುಗ್ಗದ ನೀರನ್ನು ನುಗ್ಗಿಸಿದವಳು ನಾನು. ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ನಡೆದೆ. ಕಾಲು ಸೀದಾ ಓರಗಿತ್ತಿಯ ಹಿತ್ತಲಿಗೆ ಹೋಯಿತು. ಬೇರೆ ಯಾರಾದರೂ ಹೇಳುವ ಹಾಗಿದ್ದಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆ.

ಅವಳು ಕೋಳಿಗೂಡಿನ ನೆಲ ಕೆರೆಯುತ್ತಿದ್ದಳು. ಎಲ್ಲ ಹೇಳಿದೆ. ಮಾರುಕಟ್ಟೆಗೇ ಕೇಳುವ ನನ್ನ ಗಂಟಲು ಅವತ್ತು ಅವಳೊಬ್ಬಳಿಗೆ ಕೇಳಿಸುವಷ್ಟೂ ಏಳಲಿಲ್ಲ. ಅವಳು ಕೆರೆಯುವುದನ್ನು ನಿಲ್ಲಿಸಿದಳು.

"ಎಷ್ಟು ದೊಡ್ಡದಾಗಿದ್ವು?"

"ಹೆಸರುಕಾಳಷ್ಟು."

"ಕಣ್ಣು ಮೂಡಿತ್ತಾ?"

ಇಲ್ಲ ಎನ್ನಬಹುದಿತ್ತು. ಆದರೆ ನನ್ನ ಒಂದು ಸುಳ್ಳು ಮಾಡಿದ್ದೇ ಸಾಕಾಗಿತ್ತು. "ಮೂಡಿತ್ತು," ಎಂದೆ.

ಅವಳು ನೆಲದ ಮೇಲೆ ಕೂತಳು. ಅಳಲಿಲ್ಲ. ಎರಡೂ ಅಂಗೈ ತೆರೆದು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟೆ, ಅವಳು ಬೇಡ ಎನ್ನಲಿಲ್ಲ. ಆಮೇಲೆ, "ನಿನ್ನೆಯೇ ಹೇಳ್ಬಾರದಿತ್ತಾ ಅಕ್ಕ," ಎಂದಳು. "ಅಷ್ಟರಲ್ಲಿ ಎಷ್ಟು ಮನೇಲಿ ತಿರುಗಿಸಿದ್ರೋ." ಎದ್ದು ನಲ್ಲಿಯಲ್ಲಿ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡಳು. ಬೇರೆ ಸೀರೆ ಉಟ್ಟು ಬಂದು, "ನಿನ್ನ ಸೊಸೇನ ಕರಿ," ಎಂದಳು.

ಮೊದಲು ಐಸ್ ಫ್ಯಾಕ್ಟರಿಯವನ ಮನೆ. ಅವನ ಹೆಂಡತಿ ಸೊಂಟದ ಮೇಲೆ ಮಗು ಎತ್ತಿಕೊಂಡು ಹಿತ್ತಲಿಗೆ ಬಂದಳು. ಓರಗಿತ್ತಿ ಸುತ್ತುಬಳಸು ಮಾಡಲಿಲ್ಲ.

"ಮೊಟ್ಟೆ ತಿರುಗಿಸಬೇಡ. ನನ್ನವು ಸತ್ತಿದ್ದು ತಿರುಗಿಸಿದ್ದಕ್ಕೇ. ಉಪ್ಪುನೀರು ಗಿಪ್ಪುನೀರು ಏನೂ ಇಲ್ಲ."

"ಬಿಡಿ ಚಿಕ್ಕಮ್ಮ, ಡಾಕ್ಟ್ರು ಹೇಳಿಕೊಟ್ಟಿದ್ದು ಹೇಳ್ತಿದ್ದೀರಿ. ನಿಮ್ಮ ಕೈಯಲ್ಲಿ ಮೊಟ್ಟೆ ಸಾಯೋದು ಅಂದ್ರೇನು."

ಸೊಸೆ ಮರಳ ಮೇಲೆ ಕೂತು ಬೆರಳಿನಿಂದ ಮೊಟ್ಟೆಯ ಚಿತ್ರ ಬರೆದಳು, ಮರಿ ಎಲ್ಲಿ ಅಂಟಿರುತ್ತದೆ, ಹೇಗೆ ಕಳಚುತ್ತದೆ ಎಂದು ತೋರಿಸಿದಳು. ಒಳ್ಳೆಯ ಚಿತ್ರ, ನನಗೂ ಅರ್ಥವಾಯಿತು. ಆ ಹೆಂಗಸು ತಲೆಯಾಡಿಸುತ್ತಲೇ ಇದ್ದಳು. ಎಲ್ಲ ಮುಗಿದ ಮೇಲೆ, "ಆದ್ರೂ ಕೋಳಿ ತಿರುಗಿಸುತ್ತಲ್ಲ ಡಾಕ್ಟ್ರೇ?" ಎಂದಳು. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಓರಗಿತ್ತಿ ಸೊಸೆಯ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಇಲ್ಲಿ ಕೇಳು," ಎಂದಳು. "ನನ್ನ ವಿಷಯ ನಿಮ್ಮತ್ತೆ ನಿನಗೆ ಹೇಳಿರ್ತಾರೆ. ನನ್ನ ಮೂರು ಕೂಸು ಹೋದಾಗ ಜನ ಏನಂತಿದ್ರು ಅಂತ."

ಆ ಹೆಂಗಸು ತಲೆ ತಗ್ಗಿಸಿದಳು. ಕೇಳಿದ್ದಾಳೆ ಎಂದಾಯಿತು.

"ಅದು ನಿಜ. ನನ್ನ ಕೈಯೇ ಹಾಗೆ. ಕೋಳಿಯಲ್ಲಿ ಏನೋ ನಡೆದುಹೋಯ್ತು, ಇದರಲ್ಲಿ ನಡೀಲಿಲ್ಲ. ನಾನು ಕಲಿಸಿದ್ದನ್ನ ನೀನು ಮಾಡಿದ್ರೆ ಅದೇ ಕೈ ನಿನಗೂ ಬರುತ್ತೆ. ಆಮೇಲೆ ನನ್ನ ಬೈಬೇಡ."

ಅಷ್ಟು ಹೊತ್ತು ಚಿತ್ರ ನೋಡಿ ಅಲುಗದಿದ್ದ ಮುಖ ಆಗ ಬದಲಾಯಿತು. ಆ ಹೆಂಗಸು ಬುಟ್ಟಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ನಾನಿನ್ನೂ ಮುಟ್ಟಿಲ್ಲ," ಎಂದಳು. "ಮೇಲೊಂದು ಕಲ್ಲೇ ಹೇರಿಬಿಡ್ತೀನಿ, ಯಾರೂ ಎತ್ತೋದೇ ಬೇಡ." ಕಲ್ಲು ತರಲು ಮನೆಯ ಮುಂದಕ್ಕೆ ಓಡಿದಳು.

"ಚಿಕ್ಕತ್ತೆ, ಅದು ಸುಳ್ಳು," ಎಂದಳು ಸೊಸೆ. "ನಿಮ್ಮ ಕೈಗೂ ಇದಕ್ಕೂ ಸಂಬಂಧ ಇಲ್ಲ. ನಾನು ಇವರಿಗೆಲ್ಲ ತಿಳಿಸಿ ಹೇಳ್ತೀನಿ. ಮತ್ತೆ ಮತ್ತೆ ಹೇಳ್ತೀನಿ. ಈ ಮಾತು ಒಂದು ಸಲ ಹೊರಗೆ ಬಿದ್ರೆ ಮತ್ತೆ ಹೋಗಲ್ಲ."

"ಹೇಳು ಮಗಳೇ. ನಿನ್ನ ನಿಜ ಒಳ್ಳೇದು, ಆದ್ರೆ ನಿಧಾನ. ಅವಳು ನಾಳೆ ಬೆಳಿಗ್ಗೆ ತಿರುಗಿಸೋಳು."

ಸೊಸೆ ನನ್ನ ಕಡೆ ನೋಡಿದಳು, ನೀವಾದರೂ ಹೇಳಿ ಎನ್ನುವ ಹಾಗೆ. ಎಲ್ಲದಕ್ಕೂ ಬಾಯಿ ಹಾಕುವ ನಾನು ಆಗ ಮರಳ ಮೇಲಿನ ಚಿತ್ರ ನೋಡುತ್ತ ನಿಂತೆ.

ಆ ಹೆಂಗಸು ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು ಬಂದಳು. ಬುಟ್ಟಿಯ ಮೇಲೆ ಕಲ್ಲಿಟ್ಟು ಗಟ್ಟಿಯಾಗಿ ಒತ್ತಿದಳು. ನಾವು ಹೊರಟೆವು. ಆ ಮಗು ಓರಗಿತ್ತಿಯನ್ನು ಕಂಡು ನಕ್ಕಿತು. ದಿನವೂ ನೋಡುವ ಮುಖ, ಅದು ನಡೆಯಲು ಕಲಿತದ್ದೇ ಅವಳ ಅಂಗಳದಲ್ಲಿ. ಅವಳು ಅಭ್ಯಾಸದಂತೆ ಅದರ ಕೆನ್ನೆ ಸವರಲು ಕೈ ಚಾಚಿದಳು. ತಾಯಿ ಮಗುವನ್ನು ಆಚೆ ಸೊಂಟಕ್ಕೆ ಬದಲಾಯಿಸಿಕೊಂಡಳು. ಬೇಕೆಂದು ಮಾಡಿದ್ದಲ್ಲ, ಅವಳ ಮುಖವೂ ಸಪ್ಪೆಯಾಯಿತು. ಆದರೆ ಮಗುವನ್ನು ಈಚೆಗೆ ತರಲಿಲ್ಲ.

ನನ್ನ ಮೈ ಉರಿದುಹೋಯಿತು. ಬಾಯಿ ತೆರೆದೆ. ಓರಗಿತ್ತಿ ಚಾಚಿದ ಕೈಯನ್ನು ಹಾಗೇ ತಂದು ನನ್ನ ತೋಳು ಹಿಡಿದಳು.

"ಬಾ ಅಕ್ಕ," ಎಂದಳು, "ಇನ್ನೂ ಬಹಳ ಮನೆ ಇವೆ."