ದಸ್ತಗೀರಸಾಬರ ಪಾಲಿನ ರೊಟ್ಟಿ

ಓಡಿಹೋಗುವ ಯೋಚನೆ ಧರೆಪ್ಪನಿಗೆ ಕನಸಿನಲ್ಲೂ ಬಂದಿರಲಿಲ್ಲ. ಓಡಿಹೋದದ್ದು ಮೋಟಾರು. ಅವನು ನಿಡಗುಂದಿಯ ಬೇವಿನ ಮರದ ಕೆಳಗೆ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಕುಳಿತಲ್ಲೇ ಕುಳಿತಿದ್ದ.

ಐವತ್ತೊಂಬತ್ತನೆಯ ಇಸವಿಯ ಮಾತು, ಜೋಳದ ತೆನೆ ಹಾಲು ತುಂಬಿ ನಿಂತ ಕಾಲ. ಧರೆಪ್ಪ ಮುದ್ದೇಬಿಹಾಳದ ಕಡೆಯವನು. ಬಾವಿಗಿಳಿದು ಹೂಳೆತ್ತುವುದು ಅವನ ಕಸುಬು. ಆಳು ಐದಡಿಗೆ ಎರಡು ಬೆರಳು ಕಡಿಮೆ, ಮಾತೂ ಅಷ್ಟೇ ಗಿಡ್ಡ. ಅವನೂರಿನ ಸಾಹುಕಾರ ಒಂದು ಬೆಳಗ್ಗೆ ತನ್ನ ಬಾವಿಯಲ್ಲೇ ಹೆಣವಾಗಿ ಕಂಡ. ಹಿಂದಿನ ಸಂಜೆ ಧರೆಪ್ಪ ಯಾವುದೋ ಮಾತಿಗೆ ಸಾಹುಕಾರನೊಂದಿಗೆ ಜಗಳಾಡಿದ್ದನ್ನು ಹತ್ತು ಜನ ಕೇಳಿದ್ದರು. ಹೆಣ ಎತ್ತಲು ಬಾವಿಗಿಳಿದವನೂ ಅವನೇ, ಏಕೆಂದರೆ ಊರಲ್ಲಿ ಬಾವಿಗಿಳಿಯುವವನು ಅವನೊಬ್ಬನೇ. ಒದ್ದೆ ಬಟ್ಟೆಯಲ್ಲಿ ಮೇಲೆ ಬಂದವನ ತಲೆಗೆ ಖೂನಿಯ ಆರೋಪ ಬಿತ್ತು. ಪುಣ್ಯ ಮಾಡಲು ಹೋದರೆ ಪಾಪ ಬೆನ್ನು ಹತ್ತಿತು ಅನ್ನುತ್ತಾರಲ್ಲ, ಹಾಗೆ.

ಮೋಟಾರು ಓಡಿಹೋದ ದಿನದ ಮರುದಿನ ಹನ್ನೊಂದಕ್ಕೆ ಬಿಜಾಪುರದ ಕೋರ್ಟಿನಲ್ಲಿ ಅವನ ಖಟ್ಲೆ. ಕರೆದೊಯ್ಯುತ್ತಿದ್ದವರು ಪೇದೆ ದಸ್ತಗೀರಸಾಬರು. ಜೊತೆಗೆ ಬರಬೇಕಾದ ಇನ್ನೊಬ್ಬ ಪೇದೆಗೆ ಜ್ವರ ಬಂದದ್ದರಿಂದ ಒಬ್ಬರೇ ಹೊರಟಿದ್ದರು. ಅವರ ಪಿಂಚಣಿಗೆ ಇನ್ನು ಮೂರೇ ತಿಂಗಳು. ಪಿಂಚಣಿ ಬಂದ ಮೇಲೆ ಎಮ್ಮೆ ಕಟ್ಟಬೇಕೆಂದು ಅವರು, ಆಡು ಸಾಕಬೇಕೆಂದು ಅವರ ಹೆಂಡತಿ ಜೋಹರಾಬಿ. ಮುದ್ದೇಬಿಹಾಳ ಬಿಟ್ಟಾಗಿನಿಂದ ಈ ವ್ಯಾಜ್ಯ ಧರೆಪ್ಪನ ಮುಂದೆ ನಡೆದಿತ್ತು, ಅವನೇ ಜಡ್ಜಿ ಎಂಬಂತೆ.

ಬೇಡಿಯದೇ ಇನ್ನೊಂದು ರಗಳೆ. ಅದು ದೊಡ್ಡ ದೊಡ್ಡ ದರೋಡೆಕೋರರ ಕೈ ಅಳತೆಗೆ ಮಾಡಿದ್ದು. ಧರೆಪ್ಪನ ಮುಂಗೈ ಜೋಳದ ದಂಟಿಗಿಂತ ತುಸು ದಪ್ಪ ಅಷ್ಟೆ. ಬೆರಳು ಕೂಡಿಸಿದರೆ ಸಾಕು, ಬೇಡಿ ಜಾರಿ ಕೆಳಗೆ. ಮುದುಕರಿಗೆ ಮುಜುಗರವಾಗಬಾರದೆಂದು ಅವನು ದಾರಿಯುದ್ದಕ್ಕೂ ಬೆರಳು ಅಗಲಿಸಿಕೊಂಡೇ ಕುಳಿತಿದ್ದ. ಒಮ್ಮೆ ಗಾಡಿ ಜಿಗಿದಾಗ ಜಾರಿ ಬಿದ್ದದ್ದನ್ನು ಅವರು ನೋಡುವ ಮೊದಲೇ ಮತ್ತೆ ತೊಟ್ಟುಕೊಂಡಿದ್ದ.

ನಿಡಗುಂದಿಯಲ್ಲಿ ಮೋಟಾರು ನಿಂತಾಗ ದಸ್ತಗೀರಸಾಬರು ಬುತ್ತಿ ಬಿಚ್ಚಿದರು. ಜೋಹರಾಬಿ ಬಡಿದುಕೊಟ್ಟ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಬೇಡಿ ಇದ್ದದ್ದು ಧರೆಪ್ಪನ ಬಲಗೈಗೆ. ಅವನು ಎಡಗೈ ಚಾಚಿದ್ದೇ ತಡ, ಮುದುಕರು ಗದರಿದರು.

"ಎಡಗೈಲೆ ಅನ್ನ ಮುಟ್ಟತೀ ಏನು? ತಾಯಿ ಕಲಿಸಿಲ್ಲೇನು ನಿನಗ?"

"ಬಲಗೈಯಾಗ ಬೇಡಿ ಐತ್ರಿ."

"ಬೇಡಿ ಸರ್ಕಾರದ್ದು, ಅನ್ನ ದೇವರದ್ದು," ಎಂದು ದಸ್ತಗೀರಸಾಬರು ಕೀಲಿ ತಿರುವಿ ಬೇಡಿ ತೆಗೆದು ಬುತ್ತಿಯ ಬಟ್ಟೆಯ ಮೇಲಿಟ್ಟರು. "ನಿನಗ ಎರಡು, ನನಗ ಎರಡು. ನೀ ಚಾಲೂ ಮಾಡು, ನಾ ನೀರು ತರ್ತೇನಿ."

ಅವರು ತಂಬಿಗೆ ಹಿಡಿದು ಹೋದರು. ಅಷ್ಟರಲ್ಲಿ ಹಾರ್ನು ಕೂಗಿತು. ಹಿಂದಿನ ಬಾಗಿಲಿನಲ್ಲಿ, ಧರೆಪ್ಪನಂತೆಯೇ ಕರಿ ಕಂಬಳಿ ಹೊದ್ದ ಗಿಡ್ಡ ಆಳೊಂದು ಹತ್ತುತ್ತಿದ್ದುದು ಅವರಿಗೆ ಕಂಡಿತು. ಆ ಸೀಮೆಯಲ್ಲಿ ಕರಿ ಕಂಬಳಿಯ ಗಿಡ್ಡ ಆಳೆಂದರೆ ಅರ್ಧ ಮೋಟಾರೇ ಆದೀತು. ಆದರೆ ದಸ್ತಗೀರಸಾಬರು, ತನಗಿಂತ ಮೊದಲೇ ಗಾಡಿ ಹತ್ತಿದನಲ್ಲ, ಎಂಥ ಪ್ರಾಮಾಣಿಕ ಆರೋಪಿ ಎಂದು ಮೆಚ್ಚಿಕೊಂಡು, ಪೊಲೀಸರಿಗೆಂದೇ ಮೀಸಲಾದ ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತರು. ಹಿಂದೆ ತಿರುಗಿ ನೋಡಲು ಚೀಲಗಳು ಅಡ್ಡ. ಮೋಟಾರು ಧೂಳೆಬ್ಬಿಸಿ ಬಸವನ ಬಾಗೇವಾಡಿಯ ದಾರಿ ಹಿಡಿಯಿತು.

ಧರೆಪ್ಪ ರೊಟ್ಟಿ ನುಂಗಿ "ಸಾಹೇಬ್ರ" ಎನ್ನುವಷ್ಟರಲ್ಲಿ ಮೋಟಾರೂ ಇಲ್ಲ, ಸಾಹೇಬರೂ ಇಲ್ಲ. ಬಟ್ಟೆಯ ಮೇಲೆ ಬೇಡಿ ಇತ್ತು, ಮುದುಕರ ಪಾಲಿನ ಎರಡು ರೊಟ್ಟಿ ಇದ್ದವು.

ಹಿಂದಕ್ಕೆ ಬಂದಾರು ಎಂದು ಕಾದ. ಎರಡು ತಾಸಿಗೆ ಬಾಗೇವಾಡಿಯಿಂದ ಬೇರೊಂದು ಮೋಟಾರು ಬಂತು. ದಸ್ತಗೀರಸಾಬರು ಇಳಿಯಲಿಲ್ಲ, ಸುದ್ದಿ ಇಳಿಯಿತು. ಚಹಾದಂಗಡಿಯ ಮಶಾಕಸಾಬ ಅದನ್ನು ಕಂಡಕ್ಟರನ ಬಾಯಿಂದ ಬಿಸಿಬಿಸಿಯಾಗಿ ಇಳಿಸಿಕೊಂಡು ತನ್ನ ಸಕ್ಕರೆ ಬೆರೆಸಿ ಹಂಚತೊಡಗಿದ.

"ಖೂನಿ ಆರೋಪಿ ಧರೆಪ್ಪ ಪರಾರಿ ಆಗ್ಯಾನ. ಬಾಗೇವಾಡ್ಯಾಗ ಪೊಲೀಸ್ ಮುದುಕ ಹಿಂದ ತಿರುಗಿ ನೋಡಿದ್ರ ಅಂವಾ ಇಲ್ಲ. ಬೇಡಿ ಹಲ್ಲಿಲೆ ಕಡದು, ಓಡೂ ಮೋಟಾರ ಕಿಟಕ್ಯಾಗಿಂದ ಜಿಗದಾನಂತ. ಆರೂವರೆ ಅಡಿ ಆಳು." ಮರದ ಕೆಳಗಿದ್ದ ಧರೆಪ್ಪನನ್ನು ನೋಡಿ ಅವನಿಗೆ ಕನಿಕರ ಬಂತು. "ಏ ತಮ್ಮಾ, ನಿನ್ನಂಥಾವ ಒಬ್ಬನ ಹೊರಗ ಕುಂದರಬ್ಯಾಡ. ಒಳಗ ಬಾ."

"ನಾನ ಧರೆಪ್ಪರಿ."

ಮಶಾಕಸಾಬ ಒಂದು ಕ್ಷಣ ನೋಡಿ, ದುಡ್ಡಿನ ಗಲ್ಲೆಯ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಗಿಸಿದ್ದಕ್ಕೆ ಒಂದು ಕಪ್ಪು ಚಹಾ ಪುಕ್ಕಟೆ ಕೊಟ್ಟ. ಬಾಗೇವಾಡಿಗೆ ಹೋಗುವ ಮುಂದಿನ ಮೋಟಾರಿನ ಕಂಡಕ್ಟರನಂತೂ ನಗಲೂ ಇಲ್ಲ. ತಾನು ಆರೋಪಿ, ಠಾಣೆಗೆ ಶರಣಾಗಲು ಹೋಗಬೇಕು, ಟಿಕೀಟಿಗೆ ದುಡ್ಡಿಲ್ಲ ಎಂದ ಧರೆಪ್ಪನಿಗೆ, "ಟಿಕೀಟಿಲ್ಲದವರೆಲ್ಲಾ ಒಂದೊಂದು ಕತಿ ಹೇಳ್ತಾರ. ನಿನ್ನೆ ಒಬ್ಬಾವ ಕಲೆಕ್ಟರ್ ಆಗಿದ್ದ," ಎಂದು ಸೀಟಿ ಊದಿದ.

ಧರೆಪ್ಪ ಬುತ್ತಿ ಬಗಲಿಗಿಟ್ಟು ನಡೆಯತೊಡಗಿದ.

ಅರ್ಧ ದಾರಿಯಲ್ಲಿ ಸೈಕಲ್ಲೊಂದು ಎದುರಾಯಿತು. ಅದರ ಮೇಲೆ ಬಾಗೇವಾಡಿಯ ಕಡೆಯಿಂದ ಬರುತ್ತಿದ್ದ ಪ್ರಹ್ಲಾದ ಮಾಸ್ತರರು. ಧೋತರದ ಚುಂಗು ಕೈಯಲ್ಲಿ, ಸುದ್ದಿ ನಾಲಿಗೆಯ ತುದಿಯಲ್ಲಿ. ಕೇಳುವವನೊಬ್ಬ ಸಿಕ್ಕನೆಂದು ಅವರು ಸೈಕಲ್ಲಿನಿಂದ ಇಳಿದೇಬಿಟ್ಟರು.

"ಧರೆಪ್ಪ ಸಿಂದಗಿ ಸಂತ್ಯಾಗ ಕಂಡಾನಂತ, ಕಿವ್ಯಾಗ ಬಂಗಾರದ ಒಂಟಿ. ಪೋಸ್ಟಿನ್ಯಾಗ ಫೋನ್ ಬಂದಿತ್ತು. ಇಂಡಿಯವರು ಅಂತಾರ, ಝಳಕಿ ದಾಟಿ ಸೊಲ್ಲಾಪುರದ ಲಾರಿ ಹತ್ತ್ಯಾನ ಅಂತ. ನನ್ನ ಲೆಕ್ಕದಾಗ ಎರಡೂ ಸುಳ್ಳು. ಅಂವಾ ವೇಷಾ ಹಾಕ್ಕೊಂಡು ಹೆಂಗಸರ ನಡುವ ಅದಾನ."

"ಆ ಪೊಲೀಸ್ ಸಾಹೇಬ್ರು ಏನಾದ್ರುರಿ?" ಎಂದು ಧರೆಪ್ಪ ಕೇಳಿದ.

ಮಾಸ್ತರರ ಮುಖ ಇಳಿಯಿತು. "ಪಾಪ, ಆ ಮುದುಕ ಠಾಣೇದ ಕಟ್ಟೀ ಮ್ಯಾಲ ಕುಂತಾನ. ನೀರೂ ಮುಟ್ಟವಲ್ಲ. ಹೊತ್ತು ಮುಣಗೂದ್ರೊಳಗ ಆರೋಪಿ ಸಿಗದಿದ್ರ ಫೌಜದಾರ ರಿಪೋರ್ಟ್ ಬರೀತಾನಂತ. ನೌಕರಿ ಹೋತು, ಪಿಂಚಣಿನೂ ಹೋತು."

ಧರೆಪ್ಪ ಬಗಲಿನ ಬುತ್ತಿ ಮುಟ್ಟಿ ನೋಡಿಕೊಂಡ. ಮೂವತ್ತು ವರ್ಷ ದುಡಿದ ಮನುಷ್ಯ, ತನ್ನಂಥವನು ಎಡಗೈಯಲ್ಲಿ ಉಣ್ಣಬಾರದೆಂದು ಕೀಲಿ ತೆಗೆದದ್ದಕ್ಕೆ ಎಲ್ಲವನ್ನೂ ಕಳೆದುಕೊಳ್ಳಬೇಕೇ? ಸೂರ್ಯ ನೆತ್ತಿಯಿಂದ ಜಾರಿದ್ದ. ಊರು ಇನ್ನೂ ಎರಡು ಹರಿದಾರಿ. ಮಾಸ್ತರರಿಗೆ ಕೈಮುಗಿದು ಅವನು ಓಡತೊಡಗಿದ. ಆ ದಿನ ಧರೆಪ್ಪ ನಿಜವಾಗಿ ಓಡಿದ್ದು ಇದೇ ಮೊದಲು, ಅದೂ ಠಾಣೆಯ ಕಡೆಗೆ.

ಆದರೆ ಸೀತನಿಯ ಕಾಲದಲ್ಲಿ ಹೊಲದ ಬದುವಿನಲ್ಲಿ ಓಡಿ ಪಾರಾದವರು ಯಾರಿದ್ದಾರೆ? ಹಸಿ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿ ಕಾಳು ಬಿಡಿಸಿಕೊಂಡು ತಿನ್ನುವ ಆ ಸಡಗರದಲ್ಲಿ ದಾರಿಹೋಕನನ್ನು ಬರಿ ಬಾಯಲ್ಲಿ ಕಳಿಸುವುದೆಂದರೆ ಹೊಲಕ್ಕೇ ಅವಮಾನ. ಹೊಲದ ಒಡತಿ ಸುಂದರವ್ವ, ಕಂಚಿನ ಕಂಠದವಳು, ಅಡ್ಡ ಬಂದು ನಿಂತಳು.

"ಎಲ್ಲಿಗಿ ಓಡತೀಯೋ ಯಪ್ಪಾ? ಖೂನಿಕೋರ ಧರೆಪ್ಪ ಬೆನ್ನು ಹತ್ಯಾನೇನು? ಕುಂದರು. ಸೀತನಿ ತಿಂದು ಹೋಗು."

"ಯವ್ವಾ, ನಾನ ಧರೆಪ್ಪ. ಹೊತ್ತು ಮುಣಗೂದ್ರಾಗ ಠಾಣೇಕ ಹೋಗಬೇಕು."

ಕೆಂಡದ ಸುತ್ತ ಕುಳಿತ ಹತ್ತು ಹನ್ನೆರಡು ಮಂದಿ ಗೊಳ್ಳೆಂದು ನಕ್ಕರು. ಸುಂದರವ್ವ ನಗುತ್ತಲೇ ಅವನ ಬೊಗಸೆಗೆ ಬಿಸಿ ಸೀತನಿ ಸುರಿದು ಮೇಲೆ ಬೆಲ್ಲ ಇಟ್ಟಳು. ಹಾಲುಗಾಳು, ಹೊಗೆಯ ವಾಸನೆ, ಬಾಯಲ್ಲಿಟ್ಟರೆ ಕರಗುವಂಥದ್ದು. ಎದೆಯಲ್ಲಿ ಕಳವಳವಿದ್ದರೂ ನಾಲಿಗೆಗೆ ಅದು ಗೊತ್ತಾಗಲಿಲ್ಲ, ಅವನು ಎರಡು ಬೊಗಸೆ ತಿಂದ. ತಿನ್ನುತ್ತಲೇ ತನ್ನ ಬಗ್ಗೆ ಇನ್ನಷ್ಟು ತಿಳಿದುಕೊಂಡ. ತಾನು ಮೂರು ಖೂನಿ ಮಾಡಿದ್ದೇನೆ, ತನಗೆ ಕೃಷ್ಣೆಯ ಆಚೆ ಒಬ್ಬಳು, ಈಚೆ ಒಬ್ಬಳು ಹೆಂಡತಿ, ತನ್ನ ಮೀಸೆಗೆ ನಿಂಬೆಹಣ್ಣು ನಿಲ್ಲುತ್ತದೆ. ಮನೆಯಲ್ಲಿರುವ ಒಬ್ಬ ಸಿದ್ದವ್ವನಿಗೇ ಹೆದರಿ ಬಾಳುವ ಧರೆಪ್ಪ ಮೂಗಿನ ಕೆಳಗೆ ಕೈಯಾಡಿಸಿಕೊಂಡು, ತನ್ನ ಆರೆಂಟು ಕೂದಲನ್ನು ನೆನೆದು ನಿಟ್ಟುಸಿರು ಬಿಟ್ಟ.

ಬೇರೆ ದಾರಿ ಕಾಣದೆ ಬುತ್ತಿ ಬಿಚ್ಚಿ ಬೇಡಿ ತೋರಿಸಿದ. ನಗೆ ಥಟ್ಟನೆ ನಿಂತಿತು.

ಈಗ ನಂಬಿದರು ಎಂದುಕೊಂಡ. ಸುಂದರವ್ವ ಬೇಡಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. "ಅಯ್ಯ ಶಿವನ, ಇದು ಧರೆಪ್ಪನ ಬೇಡಿ. ಈ ಗಿಡ್ಡಣ್ಣಗ ದಾರ್‍ಯಾಗ ಸಿಕ್ಕೈತಿ. ಅದಕ ಹೆದರಿ ತಲಿ ಕೆಟ್ಟು ನಾನ ಧರೆಪ್ಪ ಅನ್ನಾಕತ್ತಾನ. ಬಂಡಿ ಹೂಡ್ರಿ. ಇದನ್ನ ಫೌಜದಾರಗ ಮುಟ್ಟಸಬೇಕು."

ಧರೆಪ್ಪ ಬುತ್ತಿ ಕಟ್ಟಿಕೊಳ್ಳತೊಡಗಿದ. ಬಂಡಿ ಸಿಕ್ಕಿತಲ್ಲ, ಹೆಸರು ಏನಾದರೂ ಇರಲಿ. ಬುತ್ತಿಯಲ್ಲಿದ್ದ ರೊಟ್ಟಿಗೆ ಯಾರೋ ಕೈ ಹಾಕಿದಾಗ ಮಾತ್ರ ಅವನು ಗಟ್ಟಿಯಾಗಿ ಹಿಡಿದುಕೊಂಡ. "ಇವು ಬ್ಯಾರೆಯವರ ಪಾಲಿನವು."

ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತುಗಳು ಧೂಳೆಬ್ಬಿಸುತ್ತ ಓಡಿದವು. ದಾರಿಯ ಹಳ್ಳಿಗಳಲ್ಲಿ "ಧರೆಪ್ಪನ ಬೇಡಿ ಸಿಕ್ಕೈತಿ" ಎಂದು ಸುಂದರವ್ವ ಬಂಡಿಯಿಂದಲೇ ಸಾರಿದಳು. ಜನ ಹಿಂದೆ ಹಿಂದೆ ಬಂದರು. ಒಬ್ಬ ಹಲಗೆ ತಂದು ಬಾರಿಸತೊಡಗಿದ. ಬಾಗೇವಾಡಿಯ ಠಾಣೆ ಮುಟ್ಟುವಾಗ ಬಂಡಿಯ ಹಿಂದೆ ದಿಬ್ಬಣದಷ್ಟು ಜನವಿತ್ತು. ಸೂರ್ಯ ಇನ್ನೂ ಒಂದು ಮಾರು ಎತ್ತರದಲ್ಲಿದ್ದ.

ಕಟ್ಟೆಯ ಮೇಲೆ ದಸ್ತಗೀರಸಾಬರು ಟೋಪಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಒಂದೇ ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಬಂಡಿಯಿಂದ ಇಳಿದ ಗಿಡ್ಡ ಆಳನ್ನು ನೋಡಿ ಎದ್ದು ನಿಂತರು, ಟೋಪಿ ಕೆಳಗೆ ಬಿತ್ತು.

"ಬಂದಿ ಏನೋ, ಮಗನ," ಎಂದರು.

ಫೌಜದಾರ ಹೊರಗೆ ಬಂದ. "ಯಾರು ಇಂವಾ?"

"ಇವನ ಆರೋಪಿ ಧರೆಪ್ಪರಿ," ಎಂದರು ದಸ್ತಗೀರಸಾಬರು.

ಜನರೆಲ್ಲ ಒಂದೇ ಬಾಯಲ್ಲಿ ಅದನ್ನು ಅಲ್ಲಗಳೆದರು. ಇಂಥವನು ಖೂನಿ ಮಾಡಿದರೆ ಊರಿಗೇ ನಾಚಿಕೆ ಎಂದ ಒಬ್ಬ. ಸುಂದರವ್ವ ಪೊಲೀಸರಿಗೇ ಬುದ್ಧಿ ಹೇಳಿದಳು. ಫೌಜದಾರ ಖಟ್ಲೆಯ ಕಾಗದದಲ್ಲಿದ್ದ ಅಂಗೈ ಮಚ್ಚೆಯ ಗುರುತನ್ನು ಧರೆಪ್ಪನ ಕೈಗೆ ತಾಳೆ ನೋಡಿ ಜನರನ್ನು ಸುಮ್ಮನಾಗಿಸಿದ ಮೇಲೂ ಗುಸುಗುಸು ನಿಲ್ಲಲಿಲ್ಲ. ಅವನು ಮುದುಕರ ಕಡೆ ತಿರುಗಿದ.

"ಆರೋಪಿ ಸಿಕ್ಕ, ಖರೆ. ಆದ್ರ ದಾರ್‍ಯಾಗ ಬೇಡಿ ಬಿಚ್ಚಿದ್ದು ತಪ್ಪಲ್ಲೇನು? ಅದನ್ನ ಬರೀಲೇಬೇಕು."

ದಸ್ತಗೀರಸಾಬರು ತಲೆ ತಗ್ಗಿಸಿದರು. ಆಗ ಹುಟ್ಟಿದಾಗಿನಿಂದ ದೊಡ್ಡವರ ಮುಂದೆ ನಾಲ್ಕು ಮಾತಾಡದ ಧರೆಪ್ಪ ಒಂದು ಹೆಜ್ಜೆ ಮುಂದಿಟ್ಟ.

"ಸಾಹೇಬ್ರ, ಒಮ್ಮಿ ಬೇಡಿ ಹಾಕ್ರಿ ನನಗ."

ಫೌಜದಾರನೇ ಬೇಡಿ ತೊಡಿಸಿ, ಕೀಲಿ ತಿರುವಿ, ಎಳೆದು ನೋಡಿದ. ಧರೆಪ್ಪ ಐದೂ ಬೆರಳು ಕೂಡಿಸಿ ಕೈ ಕೆಳಗೆ ಬಿಟ್ಟ. ಬೇಡಿ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಮತ್ತೊಮ್ಮೆ ಹಾಕಿದರು, ಮತ್ತೊಮ್ಮೆ ಬಿತ್ತು.

"ಮುದ್ದೇಬಿಹಾಳದಿಂದ ಹಿಂಗ ಐತ್ರಿ. ಇವರು ಕೀಲಿ ತಗದ್ರೂ ಅಷ್ಟ, ಬಿಟ್ರೂ ಅಷ್ಟ. ಓಡೂದಿದ್ರ ಯಾವಾಗರೆ ಓಡತಿದ್ನಿ. ಸಾಹೇಬ್ರಿಗೆ ಮನಸ್ಸಿಗಿ ಹತ್ತಬಾರದು ಅಂತ ಬೆರಳ ಅಗಲಿಸಿ ಹಿಡಕೊಂಡು ಬಂದೇನ್ರಿ."

ಮೊದಲು ನಕ್ಕವನು ಫೌಜದಾರ. ಆಮೇಲೆ ಇಡೀ ಠಾಣೆಯ ಅಂಗಳ ನಕ್ಕಿತು, ಹಲಗೆಯವನು ತಾನಾಗಿಯೇ ಒಂದು ಉರುಳಿಕೆ ಬಾರಿಸಿದ. ಫೌಜದಾರ ಮೇಜಿಗೆ ಹೋಗಿ ಬರೆದ. ಬೇಡಿಯ ಅಳತೆ ದೊಡ್ಡದು, ಪೇದೆಯ ತಪ್ಪಿಲ್ಲ, ಆರೋಪಿ ತಾನಾಗಿಯೇ ಹಾಜರು. ಬರೆದದ್ದನ್ನು ಜನಕ್ಕೆ ಕೇಳುವಂತೆ ಓದಿದ ಕೂಡ.

ಮರುದಿನದ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಸಾಹುಕಾರ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಸತ್ತದ್ದೆಂದು ಕೋರ್ಟಿನಲ್ಲಿ ಡಾಕ್ಟರು ಹೇಳಿದರು, ಧರೆಪ್ಪ ಬಿಡುಗಡೆಯಾದ. ಮೂರು ತಿಂಗಳ ಮೇಲೆ ದಸ್ತಗೀರಸಾಬರು ಎಮ್ಮೆಯನ್ನೂ ಕಟ್ಟಿದರು, ಆಡನ್ನೂ ತಂದರು. ಸಿಂದಗಿಯವರೂ ಇಂಡಿಯವರೂ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ. ಸಿಕ್ಕವನು ಯಾರೋ ಬಡಪಾಯಿ, ನಿಜವಾದ ಧರೆಪ್ಪ ಸೊಲ್ಲಾಪುರದ ಲಾರಿ ಹತ್ತಿ ಹೋದ ಎಂದೇ ಅವರ ವಾದ.

ಆ ಸಂಜೆ ಜನ ಚದುರಿದ ಮೇಲೆ ಕಟ್ಟೆಯ ಮೇಲೆ ಇಬ್ಬರೇ ಉಳಿದರು. ಧರೆಪ್ಪ ಬುತ್ತಿ ಬಿಚ್ಚಿ ಮುಂದಿಟ್ಟ.

"ನಿಮ್ಮ ಪಾಲಿನ ಎರಡು ರೊಟ್ಟಿ ಅದಾವ್ರಿ. ಒಣಗಿ ಖಟಿ ಆಗ್ಯಾವ."

ದಸ್ತಗೀರಸಾಬರು ರೊಟ್ಟಿಯನ್ನೂ ಅವನನ್ನೂ ನೋಡಿದರು, ಕಣ್ಣು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪೊಲೀಸ್ ದನಿಯಲ್ಲಿ, "ಬಲಗೈ ಮುಂದ ಮಾಡು," ಎಂದರು.

ಧರೆಪ್ಪ ಬೇಡಿಗೆಂದು ಕೈ ಚಾಚಿದ, ಬೆರಳು ಅಗಲಿಸಿ. ಮುದುಕರು ಅದರ ಮೇಲೆ ಒಂದು ರೊಟ್ಟಿ ಇಟ್ಟರು.