ಬೈರಕ್ತಾರಿ ಮನೆ ಕಾಫಿ

ನಮ್ಮ ಬೆಟ್ಟದ ಕಡೆ ಹೊಸಬರು ಸಿಕ್ಕರೆ ಏನು ಕೆಲಸ, ಎಷ್ಟು ಮಕ್ಕಳು ಅಂತ ಆಮೇಲೆ ಕೇಳ್ತೀವಿ. ಮೊದಲು ಕೇಳೋದು ಮನೆತನದ ಹೆಸರು. ಅದೊಂದು ಸಿಕ್ಕಿಬಿಟ್ಟರೆ ಅವರಜ್ಜನ ಅಜ್ಜ ಏನು ತಿಂದ, ಯಾರ ಕೈಲಿ ಒದೆ ತಿಂದ, ಎಲ್ಲ ಗೊತ್ತಾದ ಹಾಗೆ. ಪ್ರಿಫ್ತಿ ಅಂದರೆ ವಂಶದಲ್ಲಿ ಎಲ್ಲೋ ಒಬ್ಬ ಪಾದ್ರಿ ಇದ್ದ. ಸಮಾರ್ಜಿ ಅಂದರೆ ಹೇಸರಗತ್ತೆಗೆ ತಡಿ ಹೊಲಿಯೋರು. ಹೋಜಾ ಅಂದರೆ ಮಸೀದಿಯ ಮುಲ್ಲಾ. ಆ ಹೆಸರಿನವನೇ ದೇಶ ಆಳಿದ, ಮಸೀದಿಗೂ ಚರ್ಚಿಗೂ ಒಟ್ಟಿಗೆ ಬೀಗ ಜಡಿಸಿದ, ತನ್ನ ಹೆಸರು ಮಾತ್ರ ಹಾಗೇ ಇಟ್ಟುಕೊಂಡ. ನಮ್ಮೂರ ಹಿರಿಯ ಪ್ರೆಂಡಣ್ಣನದು ಲೆಪುರಿ, ಅಂದರೆ ಮೊಲ. ನಮ್ಮ ಪೂರ್ವಿಕ ಮೊಲದ ಹಾಗೆ ಓಡ್ತಿದ್ದ ಅಂತ ಅವನು ಜಂಬ ಕೊಚ್ಚುತ್ತಾನೆ. ಓಡಿದ್ದೇನೋ ನಿಜ, ಯಾರನ್ನ ನೋಡಿ ಓಡಿದ ಅಂತ ಮಾತ್ರ ಹೇಳಲ್ಲ.

ನಂದು ಬೈರಕ್ತಾರಿ. ಬಾವುಟ ಹೊರೋರು. ಕುಲದವರೆಲ್ಲ ಯುದ್ಧಕ್ಕೆ ಹೊರಟರೆ ಮುಂದೆ ಬಾವುಟ ಹಿಡಿದು ಹೋಗ್ತಿದ್ದದ್ದು ನಮ್ಮ ಮನೆ ಗಂಡಸು. ಜಗಳ ಬಿದ್ದರೆ ನ್ಯಾಯ ತೀರ್ತಿದ್ದದ್ದು ನಮ್ಮ ಒಲೆ ಮುಂದೆ. ಈಗ ಆ ಕಲ್ಲಿನ ಮನೆಯಲ್ಲಿರೋಳು ನಾನೊಬ್ಬಳೇ, ಮ್ರಿಕಾ. ಗಂಡ ಇಲ್ಲ, ಮಕ್ಕಳಿಲ್ಲ, ಇದ್ದ ಒಬ್ಬ ತಮ್ಮನೂ ಹೋದ. ನಾನು ಕಣ್ಣು ಮುಚ್ಚಿದರೆ ಹೆಸರೂ ಮುಚ್ಚಿತು. ಊರಿನವರು ಇದನ್ನ ಮರುಕದಿಂದ ಹೇಳ್ತಾರೆ. ಮರುಕ ಪಡೋರಲ್ಲಿ ಒಬ್ಬನಾದರೂ ಅವತ್ತು ನನ್ನ ಕೈ ಹಿಡಿದಿದ್ದರೆ ಈ ಮಾತು ಬರ್ತಿರಲಿಲ್ಲ.

ಹಿಡಿಯೋಕೆ ಧೈರ್ಯ ಯಾರಿಗಿತ್ತು? ಕಮ್ಯುನಿಸ್ಟ್ ಪಕ್ಷದ ಕಾಲದಲ್ಲಿ ನಮ್ಮ ಹೆಸರು ಅಂದರೆ ಕುಷ್ಠ. ಅಜ್ಜನನ್ನ ಗುಂಡಿಟ್ಟು ಕೊಂದರು. ಅಪ್ಪ, ಅಮ್ಮ, ನಮ್ಮಿಬ್ಬರು ಮಕ್ಕಳನ್ನ ಲಾರಿಗೆ ತುಂಬಿ ಮುಜೆಚೆ ಬಯಲಿನ ಕೆಸರಿನಲ್ಲಿ ಇಳಿಸಿದರು. ಅಲ್ಲಿಂದ ಅಪ್ಪಣೆ ಇಲ್ಲದೆ ಕದಲೋ ಹಾಗಿಲ್ಲ. ಶಾಲೆಯಲ್ಲಿ ಹಾಜರಿ ಕರೆಯೋವಾಗ ಮೇಷ್ಟ್ರು ನನ್ನ ಹೆಸರು ಬಂದ ಕೂಡಲೇ ಬಾಯಿಗೆ ಕಲ್ಲು ಸಿಕ್ಕ ಹಾಗೆ ಮಾಡೋರು. ಬಾವುಟ ಹೊರೋರ ಮನೆ ಮಕ್ಕಳು ಗೊಬ್ಬರ ಹೊತ್ತೆವು.

ಚಿಕ್ಕಪ್ಪ ಪಾಷ್ಕ್ ಮಾತ್ರ ಕೆಸರಿಗೆ ಬರಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳೋ ಜಾತಿ ಅದು. ಅಜ್ಜನನ್ನ ಹಿಡಿಯೋಕೆ ಮುಂಚೆಯೇ ಲೆಝಾ ಪಟ್ಟಣಕ್ಕೆ ಇಳಿದು, ಅಲ್ಲಿನ ಒಬ್ಬ ಕಮ್ಮಾರನ ಒಬ್ಬಳೇ ಮಗಳನ್ನ ಕಟ್ಟಿಕೊಂಡು ಆ ಮನೆಯಲ್ಲೇ ಸೇರಿಕೊಂಡ. ನಮ್ಮ ಕಡೆ ಮನೆ ಅಳಿಯ ಅಂದರೆ ಬೆಕ್ಕಿಗಿಂತ ಕಡೆ. ಬೆಕ್ಕಾದರೂ ಇಲಿ ಹಿಡಿಯುತ್ತೆ ಅಂತಾರೆ. ಸೇರಿಕೊಂಡದ್ದು ಸಾಲದು ಅಂತ ಮಾವನ ಹೆಸರನ್ನೂ ಇಟ್ಟುಕೊಂಡ: ಕೊವಾಚಿ, ಕಮ್ಮಾರ. ಕೆಲಸಗಾರರ ರಾಜ್ಯದಲ್ಲಿ ಅದಕ್ಕಿಂತ ಮುದ್ದಾದ ಹೆಸರು ಉಂಟಾ? ನಮ್ಮ ವಂಶದಲ್ಲಿ ಸುತ್ತಿಗೆ ಮುಟ್ಟಿದವರಿಲ್ಲ, ಮೊಳೆ ಹೊಡೆಯೋಕೂ ಪಕ್ಕದ ಮನೆಯವರನ್ನ ಕರೀತಿದ್ದರಂತೆ. ಇವನು ರಾತ್ರಿ ಬೆಳಗಾಗೋದರಲ್ಲಿ ಕಮ್ಮಾರನಾದ.

ಅದನ್ನೂ ಕ್ಷಮಿಸ್ತಿದ್ದೆ. ಜೀವ ಯಾರಿಗೆ ಬೇಡ? ಆದರೆ ಅಪ್ಪ ಸಾಯೋಕೆ ಬಿದ್ದಾಗ ಒಂದೇ ಆಸೆ ಇಟ್ಟುಕೊಂಡಿದ್ದ, ತನ್ನ ತಮ್ಮನ ಮುಖ ನೋಡಬೇಕು ಅಂತ. ಆಗ ನನಗೆ ಹರೆಯ. ಹತ್ತಿ ಮೂಟೆ ಲಾರಿಯಲ್ಲಿ ಅಡಗಿ ಕೂತು ಲೆಝಾಕ್ಕೆ ಹೋದೆ. ಸಿಕ್ಕಿಬಿದ್ದಿದ್ದರೆ ಜೈಲು. ಬಾಗಿಲು ಬಡಿದೆ. ಚಿಕ್ಕಪ್ಪ ಒಂದು ಅಂಗೈ ಅಗಲ ತೆಗೆದ.

"ಚಿಕ್ಕಪ್ಪಾ, ಅಪ್ಪ ಹೋಗ್ತಿದ್ದಾನೆ," ಅಂದೆ. "ಒಂದು ಗಂಟೆ ಮಟ್ಟಿಗೆ ಅವನಿಗೆ ತಮ್ಮ ಆಗಿರು ಬಾ. ಆಮೇಲೆ ನಿನ್ನ ಕೇಳೋಕೆ ಬರಲ್ಲ."

ಅವನು ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. "ಇಲ್ಲಿ ಬೈರಕ್ತಾರಿ ಯಾರೂ ಇಲ್ಲ. ಇದು ಕೊವಾಚಿ ಮನೆ," ಅಂದ. ಬಾಗಿಲು ಹಾಕಿಕೊಂಡ.

ನಾನು ಓಣಿ ತಿರುಗೋ ಹೊತ್ತಿಗೆ ಹಿತ್ತಲಿಂದ ಅವನ ಮಾವ ಬಂದ, ಆ ಮುದಿ ಕಮ್ಮಾರ. ಮೈಯೆಲ್ಲ ಮಸಿ. ನನ್ನ ಮಡಿಲಿಗೆ ಒಂದು ಜೋಳದ ರೊಟ್ಟಿ, ಒಂದು ತುಂಡು ಗಿಣ್ಣು, ಒಂದು ಈರುಳ್ಳಿ ಹಾಕಿ ಹೋದ. ಬಿಸಾಡಬೇಕು ಅನಿಸಿತು. ಹೊಟ್ಟೆ ಕೇಳಬೇಕಲ್ಲ, ಲಾರಿಯಲ್ಲಿ ಕೂತು ಶಾಪ ಹಾಕ್ತಾ ತಿಂದೆ. ಅಪ್ಪ, ತನ್ನ ತಮ್ಮ ಬರ್ತಾನೆ ಅಂತ ರಸ್ತೆ ಕಡೆ ಮುಖ ಮಾಡಿಕೊಂಡೇ ಸತ್ತ.

ಪಕ್ಷ ಬಿತ್ತು. ಬಯಲಿನಿಂದ ನಾನೊಬ್ಬಳೇ ವಾಪಸ್ ಬೆಟ್ಟಕ್ಕೆ ಬಂದೆ. ನಮ್ಮ ಮನೆಯಲ್ಲಿ ಸಹಕಾರಿ ಸಂಘದವರು ಹುಲ್ಲು ತುಂಬಿದ್ದರು, ಬಾಚಿ ಹೊರಗೆ ಹಾಕಿ ಒಲೆ ಹಚ್ಚಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನೋದು ಸುಳ್ಳಲ್ಲ. ನಮ್ಮನ್ನ ಕಂಡರೆ ದಾರಿ ಬದಲಿಸ್ತಿದ್ದವರು ಟೊಪ್ಪಿಗೆ ತೆಗೆದು ನಮಸ್ಕಾರ ಮಾಡತೊಡಗಿದರು. ಹೊಟ್ಟೆಗೆ ಹಿಟ್ಟಿರಲಿಲ್ಲ, ಜುಟ್ಟಿಗೆ ಮಲ್ಲಿಗೆ ಬಂತು.

ಆಗ ಎದ್ದ ನೋಡಿ ಜೆಲೋಶ್. ಚಿಕ್ಕಪ್ಪನ ಮಗ. ಹುಟ್ಟಿದ್ದು ಕೊವಾಚಿ, ಬೆಳೆದದ್ದು ಕೊವಾಚಿ, ಎರಡು ಗಂಡು ಮಕ್ಕಳ ಅಪ್ಪ. ನಮ್ಮ ಹೋಬಳಿಗೆ ಅಧ್ಯಕ್ಷನಾಗಬೇಕು ಅಂತ ಚುನಾವಣೆಗೆ ನಿಂತಿದ್ದ. ಬೆಟ್ಟದವರು ಕಮ್ಮಾರನಿಗೆ ವೋಟು ಹಾಕ್ತಾರಾ? ಬಾವುಟದ ಮನೆಯವನಿಗೆ ಹಾಕ್ತಾರೆ. ಹೆಸರು ವಾಪಸ್ ಬೇಕು ಅಂತ ಹೊರಟ. ಪಟ್ಟಣದ ಕಚೇರಿಯಲ್ಲಿ ಬರೆಸಿಕೊಂಡರೆ ನಮ್ಮ ಜನ ಒಪ್ಪಲ್ಲ. ಹೆಸರಿನ ಮನೆಗೆ ಬಂದು, ಹಿರಿಯರ ಮುಂದೆ, ಆ ಮನೆಯವರ ಕೈಯಿಂದ ಕಾಫಿ ಕುಡಿಯಬೇಕು. ಆ ಮನೆಯವರು ಅಂದರೆ ನಾನೇ.

ಪ್ರೆಂಡಣ್ಣ ಮುಂಚಿತವಾಗಿ ಬಂದು ನನ್ನ ತಲೆ ಸವರಿದ. "ಮಗಳೇ, ಹಟ ಬೇಡ. ನಿನ್ನ ಹಿಂದೆ ಈ ಒಲೆ ಆರುತ್ತೆ. ಅವನಿಗೆ ಇಬ್ಬರು ಗಂಡು ಮಕ್ಕಳಿದ್ದಾರೆ. ರಕ್ತ ನಿಮ್ಮದೇ ಅಲ್ಲವಾ?"

"ರಕ್ತ ನಮ್ಮದೇ ಪ್ರೆಂಡಣ್ಣ. ಬೆನ್ನುಮೂಳೆ ಎಲ್ಲಿಂದ ತರ್ತಾನೆ?"

"ನಿನ್ನ ನಾಲಿಗೆಗೆ ಗಂಡ ಸಿಕ್ಕದಿದ್ದದ್ದೇ ಪುಣ್ಯ."

"ನಿನ್ನಂಥ ಮೊಲಗಳೇ ಊರು ತುಂಬ ಇದ್ದರೆ ಎಲ್ಲಿ ಸಿಗ್ತಾನೆ? ಹೋಗು, ಕರ್ಕೊಂಡು ಬಾ. ಚಿಕ್ಕಪ್ಪನೂ ಬರಬೇಕು. ಅವನು ಬರದೇ ಕಾಫಿ ಇಲ್ಲ."

ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಿಬಿಡ್ತೀನಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ತನ್ನವರಿಗೆ ಆದ ಅನ್ಯಾಯ ಕಂಡೂ ಸುಮ್ಮನಿದ್ದವನು, ತನ್ನವರನ್ನ ಬಿಟ್ಟುಕೊಟ್ಟವನು ಮನೆಗೆ ಬಂದರೆ, ಕಾಫಿ ಬಟ್ಟಲನ್ನ ಎಲ್ಲರಿಗೆ ಕೊಟ್ಟ ಹಾಗೆ ಕೈಗೆ ಕೊಡಲ್ಲ. ಕೊಡೋರು ಒಂದು ಮಂಡಿ ಎತ್ತಿ, ಅದರ ಕೆಳಗಿಂದ ತೂರಿಸಿ ಕೊಡ್ತಾರೆ. ಬೈಯಲ್ಲ, ಹೊಡೆಯಲ್ಲ. ಅಷ್ಟೇ. ಅದನ್ನ ಕುಡಿದವನು ಮತ್ತೆ ಗಂಡಸರ ಸಾಲಿನಲ್ಲಿ ಕೂರೋ ಹಾಗಿಲ್ಲ, ಅವನ ಮಾತಿಗೆ ಬೆಲೆ ಇಲ್ಲ. ಆ ಬಾಗಿಲು ಮುಚ್ಚಿದ ದಿನದಿಂದ ನಾನು ಆ ಬಟ್ಟಲನ್ನ ಮನಸ್ಸಿನಲ್ಲಿ ತೊಳೆದು ತೊಳೆದು ಇಟ್ಟುಕೊಂಡಿದ್ದೆ. ಹೆಸರು ಸತ್ತರೂ ಸರಿ, ಚಿಕ್ಕಪ್ಪನಿಗೆ ಅದನ್ನ ಕುಡಿಸದೆ ನಾನು ಸಾಯಬಾರದು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬಂದರು. ಕಪ್ಪು ಬೆಂಜ್ ಕಾರು, ಹಿಂದೆ ಎರಡು ಜೀಪು. ಜೆಲೋಶ್ ಸೂಟು ಹಾಕಿ, ಕೂದಲಿಗೆ ಎಣ್ಣೆ ಮೆತ್ತಿ, ಮದುವೆ ಗಂಡಿನ ಹಾಗಿದ್ದ. ಚಿಕ್ಕಪ್ಪ ಕೋಲು ಊರಿಕೊಂಡು ಹಿಂದೆ ಬಂದ. ಒಣಗಿ ಕಡ್ಡಿಯಾಗಿದ್ದ. ಹೊಸ್ತಿಲ ಹತ್ತಿರ ನಿಂತುಬಿಟ್ಟ, ನಾನು ಬಾ ಅನ್ನೋವರೆಗೆ ಒಳಗೆ ಕಾಲಿಡಲಿಲ್ಲ. ತಾನು ಹುಟ್ಟಿದ ಮನೆ.

ಒಲೆ ಸುತ್ತ ಕುಳಿತರು. ರಾಕಿ ಸಾರಾಯಿ ಕೊಟ್ಟೆ, ಗಿಣ್ಣು ಕೊಟ್ಟೆ. ಜೆಲೋಶ್ ಎದ್ದು ಭಾಷಣ ಶುರು ಮಾಡಿದ. ಪೂರ್ವಿಕರು, ಬಾವುಟ, ಹುತಾತ್ಮ ಅಜ್ಜ, ಕೆಸರಿನಲ್ಲಿ ನರಳಿದ ದೊಡ್ಡಪ್ಪ.

"ನರಳಿದ್ದು ನಿನಗೆ ಹೆಂಗೆ ಗೊತ್ತು ತಮ್ಮಾ?" ಅಂದೆ. "ಅಷ್ಟು ದೂರ ಸದ್ದು ಕೇಳಿಸ್ತಿತ್ತಾ?"

ಯಾರೋ ಕೆಮ್ಮಿದರು. "ಅಕ್ಕ ತಮಾಷೆ ಮಾಡ್ತಾಳೆ," ಅಂತ ಜೆಲೋಶ್ ಹಲ್ಲು ಬಿಟ್ಟ. "ನಾನು ನನ್ನ ನಿಜವಾದ ಹೆಸರಿಗೆ ಬಂದಿದ್ದೀನಿ ಅಕ್ಕಾ. ಆ ಮಸಿ ಹಿಡಿದ ಹೆಸರು ಸಾಕಾಯಿತು. ನಿನ್ನ ಕೈಯ ಕಾಫಿ ಕೊಡು."

ತಟ್ಟೆಯಲ್ಲಿ ಬಟ್ಟಲುಗಳನ್ನ ತಂದೆ. ಹಿರಿಯರಿಗೆ ಕೊಟ್ಟೆ. ಆಮೇಲೆ ಚಿಕ್ಕಪ್ಪನ ಮುಂದೆ ಕೂತೆ. ಮಂಡಿ ಎತ್ತೋಕೆ ಹೋದೆ. ಬಯಲಿನ ಕೆಸರು ತಿಂದ ಮಂಡಿ, ಅರ್ಧಕ್ಕೇ ನೋವು ಹಿಡಿಯಿತು. ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಪ್ರೆಂಡಣ್ಣ, "ಮ್ರಿಕಾ, ಬೇಡ," ಅಂದ.

ಚಿಕ್ಕಪ್ಪ ನನ್ನ ಕೈ ಮೇಲೆ ಕೈ ಇಟ್ಟ. "ಮಂಡಿ ನೋಯಿಸ್ಕೋಬೇಡ ಮಗಳೇ. ಇದು ನನ್ನ ಕೆಲಸ."

ತಟ್ಟೆಯಿಂದ ತಾನೇ ಬಟ್ಟಲು ತಗೊಂಡ. ನಡುಗೋ ಕಾಲು ಎತ್ತಿ, ತನ್ನ ಮಂಡಿ ಕೆಳಗಿಂದ ತಾನೇ ತೂರಿಸಿಕೊಂಡು, ಎಲ್ಲರ ಮುಂದೆ ಕುಡಿದ. ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿತು. ಚರಟ ಉಳಿಯೋವರೆಗೂ ಕುಡಿದು ಬಟ್ಟಲನ್ನ ನೆಲದ ಮೇಲೆ ಬೋರಲು ಹಾಕಿದ.

"ನನ್ನದು ಮುಗೀತು," ಅಂದ. ಮಗನ ಕಡೆ ತಿರುಗಿದ. "ನೀನು ಕುಡಿಯಬೇಡ. ಏಳು."

"ಅಪ್ಪಾ, ಏನಿದು?"

"ನಾನು ಹೆದರಿ ಅಪ್ಪನ ಹೆಸರು ಬಿಟ್ಟೆ. ಹೇಡಿ ಅಂತಾರೆ, ಅನ್ನಲಿ. ನೀನು ಯಾರಿಗೆ ಹೆದರಿ ಬಿಡ್ತೀಯ? ನಿನ್ನ ತಾಯಿಯಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಪಕ್ಷದ ಶತ್ರುವಿನ ಮಗ ಅಂತ ಗೊತ್ತಿದ್ದೂ ನನ್ನ ಒಳಗೆ ಕರ್ಕೊಂಡ. ಸಿಕ್ಕಿಬಿದ್ದಿದ್ದರೆ ಅವನೂ ಹೋಗ್ತಿದ್ದ. ಆ ಒಲೆ ಆರದೆ ಇರಲಿ ಅಂತ ನಿನಗೆ ತನ್ನ ಹೆಸರಿಟ್ಟ, ನಿನ್ನ ಹೊತ್ತು ತಿರುಗಿದ. ಉಂಡ ಮನೆಗೆ ಎರಡು ಬಗೀತೀಯಾ?"

"ಅದು ಕಮ್ಮಾರನ ಹೆಸರು ಅಪ್ಪಾ. ವೋಟಿಗೆ—"

"ಕಮ್ಮಾರ ಬಾಗಿಲು ತೆಗೆದ. ಬಾವುಟದ ಮನೆಯವನು ಮುಚ್ಚಿದ. ಯಾವುದು ದೊಡ್ಡ ಹೆಸರು ಅಂತ ಇವಳನ್ನೇ ಕೇಳು. ಇವಳು ಆ ರೊಟ್ಟಿ ತಿಂದಿದ್ದಾಳೆ."

ರೊಟ್ಟಿ ವಿಷಯ ಅವನಿಗೆ ಗೊತ್ತಿತ್ತು ಅಂತ ನನಗೆ ಅವತ್ತೇ ಗೊತ್ತಾದದ್ದು. ಜೆಲೋಶ್ ನನ್ನ ಮುಖ ನೋಡಿದ. ನಾನು ತಟ್ಟೆ ತಗೊಂಡು ಎದ್ದೆ. ಕಾಫಿ ಕೊಡಲಿಲ್ಲ. ಅವನು ಬಾಗಿಲು ಒದ್ದುಕೊಂಡು ಹೋಗಿ ಕಾರಿನಲ್ಲಿ ಕೂತ, ಹಿಂದೆಯೇ ಜೀಪಿನವರೂ ಹೋದರು.

ಹೋಗೋವಾಗ ಚಿಕ್ಕಪ್ಪ ಹೊಸ್ತಿಲಲ್ಲಿ ನಿಂತ. "ಅಣ್ಣ ಏನಾದರೂ ಕೇಳಿದನಾ?"

"ರಸ್ತೆ ಕಡೆ ಮುಖ ಮಾಡಿ ಮಲಗಿಸು ಅಂದ."

ತಲೆ ಆಡಿಸಿದ. ಕಾರಿನ ಕಡೆ ಹೋದ. ನನಗೆ ಸಮಾಧಾನ ಆಯಿತಾ ಅಂತ ಕೇಳಬೇಡಿ. ಇಡೀ ಜನ್ಮ ಕಾದಿಟ್ಟುಕೊಂಡ ಸೇಡನ್ನ ಆ ಮುದುಕ ನನ್ನ ತಟ್ಟೆಯಿಂದಲೇ ಎತ್ತಿಕೊಂಡು ಕುಡಿದುಬಿಟ್ಟ. ಹೆಸರೂ ಉಳಿಯಲಿಲ್ಲ, ಸೇಡೂ ಉಳಿಯಲಿಲ್ಲ. ಬೋರಲು ಬಿದ್ದ ಬಟ್ಟಲನ್ನ ಸಾಯಂಕಾಲದವರೆಗೂ ತೆಗೆಯೋಕೆ ಆಗಲಿಲ್ಲ.

ಜೆಲೋಶ್‌ಗೆ ನಾಚಿಕೆ ಅನ್ನೋದಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು. ಮಾರನೇ ವಾರವೇ ಪಟ್ಟಣದ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಬಂದ. ಗೋಡೆ ಗೋಡೆಗೆ ಪೋಸ್ಟರು: ಜೆಲೋಶ್ ಬೈರಕ್ತಾರಿ, ಪಕ್ಕದಲ್ಲಿ ಬಾವುಟ. ಗೆದ್ದ ಕೂಡ. "ನೀನು ಯಾರಿಗೆ ಹಾಕಿದೆ ಪ್ರೆಂಡಣ್ಣ?" ಅಂತ ಕೇಳಿದೆ. "ರಸ್ತೆ ಮಾಡಿಸ್ತೀನಿ ಅಂದನಮ್ಮ," ಅಂತ ಬೇರೆ ಕಡೆ ನೋಡಿದ. ಮೊಲದ ಹೆಸರು ಸುಮ್ಮನೆ ಬರಲ್ಲ.

ಚಳಿಗಾಲದಲ್ಲಿ ಚಿಕ್ಕಪ್ಪ ತೀರಿಕೊಂಡ. ಲೆಝಾಕ್ಕೆ ಹೋದೆ. ಮಾವನ ಪಕ್ಕದಲ್ಲಿ ಹೂಳಿ ಅಂತ ಹೇಳಿದ್ದನಂತೆ, ಅಷ್ಟು ಮಾತ್ರ ನಡೆಸಿದ್ದರು. ಒಂದು ಕಡೆ ಮುದಿ ಕಮ್ಮಾರನ ಹಳೇ ಕಬ್ಬಿಣದ ಶಿಲುಬೆ. ಪಕ್ಕದಲ್ಲಿ ಹೊಸ ಅಮೃತಶಿಲೆ, ಚಿನ್ನದ ಅಕ್ಷರ: ಪಾಷ್ಕ್ ಬೈರಕ್ತಾರಿ. ಒಂದು ಗಂಟೆ ಆ ಹೆಸರು ಹೊರು ಅಂತ ಬೇಡಿದಾಗ ಹೊರಲಿಲ್ಲ. ಈಗ ಬೇಡ ಅಂದವನ ಎದೆ ಮೇಲೆ ಕಲ್ಲು ಮಾಡಿ ಹೇರಿದ್ದಾರೆ. ನನಗೆ ಅಳು ಬಂತು. ಅವನಿಗಾಗಿ ಅಳ್ತೀನಿ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ಮನೆಗೆ ಹೋದೆ. ಅದೇ ಬಾಗಿಲು, ಬಣ್ಣ ಮಾತ್ರ ಹೊಸದು. ಸಾವಿನ ಮನೆಯಲ್ಲಿ ಹೆಂಗಸರು ಬೇರೆ ಕೂರೋದು ವಾಡಿಕೆ. ನಾನು ಸೀದಾ ಗಂಡಸರ ಕೋಣೆಗೆ ಹೋದೆ, ನಮ್ಮ ಮನೆಗೆ ಗಂಡಸೂ ನಾನೇ. ಹೋಬಳಿಯ ದೊಡ್ಡವರೆಲ್ಲ ಇದ್ದರು. ಜೆಲೋಶ್ ಎದ್ದು ತಾನೇ ಕಾಫಿ ತಂದುಕೊಟ್ಟ. ಸಾವಿನ ಕಾಫಿಗೆ ಸಕ್ಕರೆ ಹಾಕಲ್ಲ.

ಬಟ್ಟಲು ಹಿಡಿದು, ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ಕೊವಾಚಿ ಮನೆಯವರಿಗೆ ದೇವರು ಸಮಾಧಾನ ಕೊಡಲಿ."

ಜೆಲೋಶ್ ಬಗ್ಗಿ ನನ್ನ ಕಿವಿ ಹತ್ತಿರ ಬಂದ. "ಅಕ್ಕಾ, ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ. ಇದು ಬೈರಕ್ತಾರಿ ಮನೆ."

"ಇದೇ ಬಾಗಿಲಲ್ಲಿ ನಿಂತು ನಿಮ್ಮಪ್ಪ ನನಗೆ ಹೇಳಿದ್ದ ತಮ್ಮಾ," ಅಂದೆ. "ಇಲ್ಲಿ ಬೈರಕ್ತಾರಿ ಯಾರೂ ಇಲ್ಲ, ಇದು ಕೊವಾಚಿ ಮನೆ ಅಂತ. ಅವತ್ತು ಹೊಟ್ಟೆ ಉರಿದುಹೋಗಿತ್ತು. ಇವತ್ತು ಅವನ ಮಾತು ನಡೆಸೋಕೆ ನಾನೊಬ್ಬಳೇ ಉಳಿದಿದ್ದೀನಿ."

ಕಾಫಿ ಕುಡಿದು, ಬಟ್ಟಲನ್ನ ಅವನ ಕೈಗೇ ಕೊಟ್ಟು, ಬೆಟ್ಟದ ಬಸ್ಸು ಹಿಡಿಯೋಕೆ ಹೊರಟೆ.